ಸಂಬಳದಿಂದ ಶುರು ಮಾಡಿ: ಐರ್ಲೆಂಡಿನ ಜೋ ಹಿಗ್ಗಿನ್ಸ್ ರಾಜಕೀಯವನ್ನು ಅಭ್ಯಾಸ ಮಾಡುವುದು ಹೇಗೆ

ನಾನು ಕಾರ್ಮಿಕರ ಪರ ಅಂತ ಹೇಳಿಕೊಳ್ಳುವ ರಾಜಕಾರಣಿಗಳು ಬೇಕಾದಷ್ಟು ಜನ ಸಿಗುತ್ತಾರೆ. ಹಾಗಾಗಿ ಅಂಥವರ ಬಗ್ಗೆ ಓದಲು ಕೂತಾಗ ಭಾಷಣಗಳಿಂದ ಶುರು ಮಾಡಬೇಡಿ. ಹುಟ್ಟಿದ ಊರು, ಓದಿದ ಶಾಲೆ ಅಂತಲೂ ಬೇಡ, ಅದು ಆಮೇಲೆ ಬರಲಿ. ಮೊದಲು ಕಾರ್ಮಿಕರ ಒಂದು ದೂರನ್ನು ಹಿಡಿಯಿರಿ. ಅವರಿಗೆ ಎಷ್ಟು ಸಂಬಳ ಬರಬೇಕಿತ್ತು, ಎಷ್ಟು ಬಂತು, ಈ ಮನುಷ್ಯ ಅದನ್ನು ಎಲ್ಲಿ ಎತ್ತಿದರು, ಅದರಿಂದ ಆ ಕಾರ್ಮಿಕರಿಗೆ ಏನು ಸಿಕ್ಕಿತು, ಕಾನೂನಿನಲ್ಲಿ ಏನು ಬದಲಾಯಿತು. ಈ ದಾರಿಯಲ್ಲಿ ಕೊನೆಯ ತನಕ ಹೋದರೆ ಯಾರು ಕೆಲಸ ಮಾಡಿದ್ದಾರೆ, ಯಾರು ಸುಮ್ನೆ ಮಾತಾಡಿದ್ದಾರೆ ಅನ್ನೋದು ತಾನಾಗಿ ಗೊತ್ತಾಗುತ್ತದೆ.

ಈ ಅಭ್ಯಾಸಕ್ಕೆ ಐರ್ಲೆಂಡಿನ ಜೋ ಹಿಗ್ಗಿನ್ಸ್ ತುಂಬಾ ಒಳ್ಳೆಯ ಆಯ್ಕೆ. ಅವರ ಪಕ್ಷ ಸಣ್ಣದು, ಅಧಿಕಾರ ಯಾವತ್ತೂ ಸಿಗಲಿಲ್ಲ, ಮಂತ್ರಿಯಾಗಲಿಲ್ಲ. ಆದರೂ ಹಲವು ಸಾವಿರ ಕಿಲೋಮೀಟರ್ ದೂರದಿಂದ ಬಂದ ಕಟ್ಟಡ ಕೆಲಸಗಾರರ ಕೈಗೆ ಅವರ ದುಡ್ಡು ವಾಪಸ್ ಬರುವಂತೆ ಮಾಡುವುದರಲ್ಲಿ ಅವರ ಪಾಲು ದೊಡ್ಡದು.

ಮೊದಲು ಒಂದು ಹಾಳೆಯಲ್ಲಿ ಇಸವಿಗಳನ್ನು ಬರೆದಿಟ್ಟುಕೊಳ್ಳಿ, ಇದಕ್ಕೆ ಜಾಸ್ತಿ ಹೊತ್ತು ಬೇಡ. 1949ರಲ್ಲಿ ಕೆರಿ ಕೌಂಟಿಯ ಲಿಸ್ಪೋಲ್‌ನಲ್ಲಿ ಸಣ್ಣ ರೈತ ಕುಟುಂಬದಲ್ಲಿ ಜನನ. ಪಾದ್ರಿಯಾಗಲು ಅಮೆರಿಕಕ್ಕೆ ಹೋಗಿ, ಅಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧದ ಚಳವಳಿ ನೋಡಿ ಬದಲಾಗಿ, ವಾಪಸ್ ಬಂದು ಡಬ್ಲಿನ್‌ನಲ್ಲಿ ಮೇಷ್ಟ್ರಾದರು. ಲೇಬರ್ ಪಕ್ಷದೊಳಗೆ ಎಡಪಂಥೀಯ ಮಿಲಿಟೆಂಟ್ ಗುಂಪಿನಲ್ಲಿದ್ದರು, 1989ರಲ್ಲಿ ಪಕ್ಷ ಅವರನ್ನು ಹೊರಗೆ ಹಾಕಿತು. 1991ರಲ್ಲಿ ಕೌನ್ಸಿಲರ್. 1997ರಿಂದ 2007ರ ತನಕ, ಮತ್ತೆ 2011ರಿಂದ 2016ರ ತನಕ ಡಬ್ಲಿನ್ ವೆಸ್ಟ್ ಕ್ಷೇತ್ರದಿಂದ ಸೋಷಿಯಲಿಸ್ಟ್ ಪಕ್ಷದ ಟಿ.ಡಿ., ಅಂದರೆ ಸಂಸತ್ತಿನ ಕೆಳಮನೆಯಾದ ಡಾಲ್‌ನ ಸದಸ್ಯ. ನಡುವೆ 2009ರಿಂದ 2011ರ ತನಕ ಯುರೋಪಿಯನ್ ಪಾರ್ಲಿಮೆಂಟಿನಲ್ಲಿದ್ದರು. ಇಷ್ಟು ಸಾಕು.

ಈಗ ದೂರಿಗೆ ಬರೋಣ. ಇಸವಿ 2005, ಕಂಪನಿಯ ಹೆಸರು ಗಾಮಾ. ಟರ್ಕಿ ಮೂಲದ ಈ ನಿರ್ಮಾಣ ಕಂಪನಿ ಐರ್ಲೆಂಡಿನಲ್ಲಿ ಸರ್ಕಾರದ ದೊಡ್ಡ ಗುತ್ತಿಗೆಗಳನ್ನೂ ಹಿಡಿದಿತ್ತು, ಕೆಲಸಕ್ಕೆ ಟರ್ಕಿಯಿಂದಲೇ ಜನರನ್ನು ಕರೆಸಿಕೊಂಡಿತ್ತು. ಆ ವರ್ಷದ ಫೆಬ್ರುವರಿಯಲ್ಲಿ ಹಿಗ್ಗಿನ್ಸ್ ಡಾಲ್‌ನಲ್ಲಿ ಎದ್ದು ನಿಂತು, ಈ ಕೆಲಸಗಾರರಿಗೆ ಗಂಟೆಗೆ 2ರಿಂದ 3 ಯೂರೋ ಮಾತ್ರ ಸಿಗುತ್ತಿದೆ, ವಾರಕ್ಕೆ 80 ಗಂಟೆಯವರೆಗೂ ದುಡಿಸುತ್ತಿದ್ದಾರೆ ಅಂತ ಆರೋಪ ಮಾಡಿದರು. ಕಂಪನಿ ಇದನ್ನು ಅಲ್ಲಗಳೆಯಿತು.

ಈ ಆರೋಪವನ್ನು ಓದುವಾಗ ಆ ಹೊತ್ತಿನ ಕಾನೂನನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ಅದರ ತೂಕ ತಿಳಿಯುವುದಿಲ್ಲ. ಐರ್ಲೆಂಡಿನಲ್ಲಿ ದೇಶಕ್ಕೆಲ್ಲ ಒಂದೇ ಕನಿಷ್ಠ ವೇತನ ಬಂದಿದ್ದು 2000ದ ಏಪ್ರಿಲ್‌ನಲ್ಲಿ. 2005ರ ಫೆಬ್ರುವರಿಯಲ್ಲಿ ಅದು ಗಂಟೆಗೆ 7 ಯೂರೋ ಇತ್ತು. 1997ರ ಕೆಲಸದ ಅವಧಿ ಕಾಯ್ದೆ ಪ್ರಕಾರ ವಾರಕ್ಕೆ ಸರಾಸರಿ 48 ಗಂಟೆ ದಾಟುವಂತಿಲ್ಲ. ಇದರ ಮೇಲೆ ಕಟ್ಟಡ ಕೆಲಸಕ್ಕೆ ಬೇರೆಯದೇ ನೋಂದಾಯಿತ ವೇತನ ಒಪ್ಪಂದ ಇತ್ತು, ಅಂದರೆ ಯೂನಿಯನ್‌ಗಳು ಮತ್ತು ಮಾಲೀಕರು ಮಾಡಿಕೊಂಡು ಲೇಬರ್ ಕೋರ್ಟ್‌ನಲ್ಲಿ ನೋಂದಾಯಿಸಿದ ಒಪ್ಪಂದ, ಅದರ ದರ ಕನಿಷ್ಠ ವೇತನಕ್ಕಿಂತ ತುಂಬಾ ಮೇಲೆ. ಈ ಮೂರನ್ನೂ ಇಟ್ಟು ನೋಡಿ. ಆರೋಪ ನಿಜವಾಗಿದ್ದರೆ ಅದು ಒಂದೆರಡು ಯೂರೋ ಹೆಚ್ಚುಕಮ್ಮಿಯಾದ ಲೆಕ್ಕವಲ್ಲ, ಇಡೀ ಕಾನೂನನ್ನೇ ಮೂಲೆಗೆ ಸರಿಸಿದ ಲೆಕ್ಕ.

ಆಮೇಲೆ ಬಂದ ಸುದ್ದಿ ಇನ್ನೂ ಗಂಭೀರ. ಆಮ್‌ಸ್ಟರ್‌ಡ್ಯಾಂನ ಫಿನಾನ್ಸ್‌ಬ್ಯಾಂಕ್‌ನಲ್ಲಿ ಕೆಲಸಗಾರರ ಹೆಸರಿನಲ್ಲೇ ಖಾತೆಗಳಿದ್ದವು, ಅವುಗಳಲ್ಲಿ ದುಡ್ಡೂ ಇತ್ತು. ಅಂಥ ಖಾತೆ ಇದೆ ಅನ್ನೋದೇ ತಮಗೆ ಗೊತ್ತಿರಲಿಲ್ಲ ಎಂದರು ಕೆಲಸಗಾರರು. ಸರ್ಕಾರದ ಕಾರ್ಮಿಕ ಇನ್‌ಸ್ಪೆಕ್ಟರ್‌ಗಳು ತನಿಖೆ ಮಾಡಿದರು. ಆ ವರದಿ ಪ್ರಕಟವಾಗದಂತೆ ತಡೆಯಲು ಕಂಪನಿ ಹೈಕೋರ್ಟ್‌ಗೆ ಹೋಯಿತು. ಕೆಲಸಗಾರರು ಕಾಯುತ್ತಾ ಕೂರಲಿಲ್ಲ, ಮುಷ್ಕರ ಹೂಡಿದರು. ಕೊನೆಗೆ ಆಮ್‌ಸ್ಟರ್‌ಡ್ಯಾಂನ ದುಡ್ಡು ಅವರ ಕೈಸೇರಿತು, ಓವರ್‌ಟೈಮ್ ಬಾಕಿಯ ವಿಷಯ ಲೇಬರ್ ಕೋರ್ಟ್‌ವರೆಗೂ ಹೋಯಿತು. ಈ ಭಾಗವನ್ನು ಬೇಗ ಓದಿ ಮುಗಿಸಬೇಡಿ. ಟಿ.ಡಿ. ಏನು ಮಾಡಿದರು ಅನ್ನೋದರ ಜೊತೆಗೆ ಕೆಲಸಗಾರರು ಏನು ಮಾಡಿದರು ಅಂತ ಬೇರೆಯಾಗಿಯೇ ಬರೆದುಕೊಳ್ಳಿ. ಭಾಷೆ ಬಾರದ ಊರಲ್ಲಿ, ವೀಸಾ ಮತ್ತು ವರ್ಕ್ ಪರ್ಮಿಟ್ ಎರಡೂ ಮಾಲೀಕರ ಕೃಪೆಯಲ್ಲಿರುವಾಗ ಕೆಲಸ ನಿಲ್ಲಿಸುವುದು ಅಂದರೆ ಎಷ್ಟು ದೊಡ್ಡ ಧೈರ್ಯ ಅಲ್ವಾ? ಇಡೀ ಗೆಲುವನ್ನು ಒಬ್ಬ ನಾಯಕನ ಖಾತೆಗೆ ಹಾಕಿದರೆ ಆ ಕೆಲಸಗಾರರಿಗೆ ಅನ್ಯಾಯ ಮಾಡಿದಂತೆ.

ದಾಖಲೆ ಹುಡುಕುವ ಕೆಲಸ ಸುಲಭ. ಐರ್ಲೆಂಡ್ ಸಂಸತ್ತಿನ ಅಧಿಕೃತ ಜಾಲತಾಣದಲ್ಲಿ 1919ರಿಂದ ಇಲ್ಲಿಯವರೆಗಿನ ಡಾಲ್ ಚರ್ಚೆಗಳು ಉಚಿತವಾಗಿ ಸಿಗುತ್ತವೆ. ಸದಸ್ಯರ ಹೆಸರು ಕೊಟ್ಟು, ದಿನಾಂಕದ ಮಿತಿ ಹಾಕಿ ಹುಡುಕಬಹುದು. 2005ರ ಫೆಬ್ರುವರಿಯಿಂದ ವರ್ಷದ ಕೊನೆಯ ತನಕ ಹಿಗ್ಗಿನ್ಸ್ ಹೆಸರಿನಲ್ಲಿ ಹುಡುಕಿ, ಗಾಮಾ ಅನ್ನೋ ಪದ ಬರುವ ಪುಟಗಳನ್ನೆಲ್ಲ ತೆಗೆದಿಡಿ. ಅವರ ಮಾತನ್ನಷ್ಟೇ ಓದಿ ನಿಲ್ಲಿಸಬೇಡಿ, ಆಗಿನ ಪ್ರಧಾನಿ ಬರ್ಟಿ ಅಹರ್ನ್ ಮತ್ತು ಉದ್ಯೋಗ ಇಲಾಖೆಯ ಮಂತ್ರಿ ಮೈಕಲ್ ಮಾರ್ಟಿನ್ ಕೊಟ್ಟ ಉತ್ತರಗಳನ್ನೂ ಓದಿ. ಮೊದಲ ಉತ್ತರಕ್ಕೂ ಕೆಲವು ವಾರಗಳ ನಂತರದ ಉತ್ತರಕ್ಕೂ ಧಾಟಿಯಲ್ಲಿ ಏನು ವ್ಯತ್ಯಾಸ ಅಂತ ಗಮನಿಸಿ. ಬಾಯಿಮಾತಿನ ಪ್ರಶ್ನೆಗಳಷ್ಟೇ ಅಲ್ಲ, ಲಿಖಿತ ಪ್ರಶ್ನೆಗಳೂ ಇರುತ್ತವೆ. ಅವು ನೀರಸವಾಗಿ ಕಾಣುತ್ತವೆ, ಆದರೆ ಅಂಕಿ ಅಂಶ ಇರುವುದೇ ಅಲ್ಲಿ. ಎಷ್ಟು ಜನ ಇನ್‌ಸ್ಪೆಕ್ಟರ್‌ಗಳಿದ್ದಾರೆ, ಎಷ್ಟು ತಪಾಸಣೆ ನಡೆಯಿತು, ಇಂಥದ್ದೆಲ್ಲ.

ಇಲ್ಲಿ ಎರಡು ನಿಯಮ ತಿಳಿದಿರಬೇಕು. ಒಂದು, ಐರ್ಲೆಂಡ್ ಸಂವಿಧಾನದ 15ನೇ ವಿಧಿಯ ಪ್ರಕಾರ ಸದನದೊಳಗೆ ಆಡಿದ ಮಾತಿಗೆ ಸದಸ್ಯರನ್ನು ಕೋರ್ಟಿಗೆ ಎಳೆಯುವಂತಿಲ್ಲ. ದೊಡ್ಡ ಕಂಪನಿಯ ಹೆಸರು ಹಿಡಿದು ಆರೋಪ ಮಾಡಲು ಡಾಲ್ ಯಾಕೆ ಅಷ್ಟು ಮುಖ್ಯವಾಯಿತು ಅನ್ನೋದು ಇದರಿಂದ ಅರ್ಥವಾಗುತ್ತದೆ. ಹೊರಗೆ ಅದೇ ಮಾತು ಆಡಿದ್ದರೆ ಮಾನನಷ್ಟ ಮೊಕದ್ದಮೆಯ ಹೆದರಿಕೆ ಇರುತ್ತಿತ್ತು. ಎರಡು, ಪ್ರಧಾನಿಗೆ ನೇರವಾಗಿ ಪ್ರಶ್ನೆ ಕೇಳುವ ಸಮಯ ಸಿಗುವುದು ಗುಂಪುಗಳಿಗೆ, ಒಂಟಿ ಸದಸ್ಯರಿಗಲ್ಲ. ಆಗ ಒಂದು ಗುಂಪಿಗೆ 7 ಜನ ಬೇಕಿತ್ತು, 2016ರಲ್ಲಿ ಅದನ್ನು 5ಕ್ಕೆ ಇಳಿಸಿದರು. 2005ರಲ್ಲಿ ಹಿಗ್ಗಿನ್ಸ್ ಪಕ್ಷಕ್ಕೆ ಡಾಲ್‌ನಲ್ಲಿ ಇದ್ದಿದ್ದು ಅವರೊಬ್ಬರೇ. ಹಾಗಾಗಿ ಬೇರೆ ಸಣ್ಣ ಪಕ್ಷಗಳು ಮತ್ತು ಪಕ್ಷೇತರರ ಜೊತೆ ಸೇರಿ ತಾಂತ್ರಿಕ ಗುಂಪು ಮಾಡಿಕೊಂಡಿದ್ದರು. ರಾಜಕೀಯ ನಿಲುವು ಬೇರೆ ಬೇರೆ, ಮಾತಾಡುವ ಸರದಿ ಮಾತ್ರ ಹಂಚಿಕೊಳ್ಳುತ್ತಿದ್ದರು. ತಮ್ಮ ಸರದಿಯ ಆ ಕೆಲವೇ ನಿಮಿಷಗಳನ್ನು ಅವರು ಯಾವುದಕ್ಕೆ ಖರ್ಚು ಮಾಡಿದರು ಅಂತ ಒಂದು ಪಟ್ಟಿ ಮಾಡಿ ನೋಡಿ. ನನ್ನ ಪ್ರಕಾರ ಒಬ್ಬ ಪ್ರತಿನಿಧಿಯನ್ನು ಅಳೆಯಲು ಇದಕ್ಕಿಂತ ಪ್ರಾಮಾಣಿಕವಾದ ಅಳತೆಗೋಲು ಇಲ್ಲ.

ನಂತರದ ಹೆಜ್ಜೆ ಕಾನೂನು. ಐರಿಷ್ ಕಾಯ್ದೆಗಳೆಲ್ಲ ಸರ್ಕಾರದ ಜಾಲತಾಣದಲ್ಲಿ ಪೂರ್ತಿ ಸಿಗುತ್ತವೆ. 2003ರ ಉದ್ಯೋಗ ಪರ್ಮಿಟ್ ಕಾಯ್ದೆ ಮತ್ತು 2006ರ ಉದ್ಯೋಗ ಪರ್ಮಿಟ್ ಕಾಯ್ದೆ ಎರಡನ್ನೂ ಅಕ್ಕಪಕ್ಕ ತೆರೆಯಿರಿ. ಮೊದಲು ಪರ್ಮಿಟ್ ಇರುತ್ತಿದ್ದದ್ದು ಮಾಲೀಕರ ಕೈಯಲ್ಲಿ. 2006ರ ಕಾಯ್ದೆಯಲ್ಲಿ ಅದನ್ನು ಕೆಲಸಗಾರರಿಗೇ ಕೊಡುವಂತಾಯಿತು, ಅವರ ಪಾಸ್‌ಪೋರ್ಟ್‌ನಂಥ ಕಾಗದಗಳನ್ನು ಮಾಲೀಕರು ಇಟ್ಟುಕೊಳ್ಳುವುದು ನಿಷೇಧವಾಯಿತು. ಅದೇ 2006ರಲ್ಲಿ ಸರ್ಕಾರ, ಯೂನಿಯನ್‌ಗಳು ಮತ್ತು ಮಾಲೀಕರ ನಡುವಿನ ಒಪ್ಪಂದದಲ್ಲಿ ಕಾರ್ಮಿಕ ಇನ್‌ಸ್ಪೆಕ್ಟರ್‌ಗಳ ಸಂಖ್ಯೆಯನ್ನು 31ರಿಂದ 90ಕ್ಕೆ ಏರಿಸುವುದು ಎಂದಾಯಿತು. 2007ರಲ್ಲಿ ರಾಷ್ಟ್ರೀಯ ಉದ್ಯೋಗ ಹಕ್ಕುಗಳ ಪ್ರಾಧಿಕಾರ ಶುರುವಾಯಿತು. 2015ರ ಅಕ್ಟೋಬರ್‌ನಲ್ಲಿ ಅದರ ಕೆಲಸವೆಲ್ಲ ಹೊಸ ವರ್ಕ್‌ಪ್ಲೇಸ್ ರಿಲೇಷನ್ಸ್ ಕಮಿಷನ್‌ಗೆ ಹೋಯಿತು.

ಇದೆಲ್ಲ ಹಿಗ್ಗಿನ್ಸ್ ಒಬ್ಬರಿಂದಲೇ ಆಯಿತು ಅಂತ ಬರೆಯಬೇಡಿ. 2005ರ ಕೊನೆಯಲ್ಲಿ ಐರಿಷ್ ಫೆರೀಸ್ ಹಡಗು ಕಂಪನಿಯ ಗಲಾಟೆ ಎದ್ದಿತು. 543 ನಾವಿಕರ ಜಾಗಕ್ಕೆ ಗಂಟೆಗೆ 3.60 ಯೂರೋ ಸಂಬಳದ ಏಜೆನ್ಸಿ ಕೆಲಸಗಾರರನ್ನು ತರಲು ಕಂಪನಿ ಹೊರಟಿತ್ತು. ಡಿಸೆಂಬರ್ 9ರಂದು ದೇಶದ ಉದ್ದಗಲಕ್ಕೂ ಸುಮಾರು ಒಂದು ಲಕ್ಷ ಜನ ಬೀದಿಗಿಳಿದರು. ಗಾಮಾ ಮತ್ತು ಫೆರೀಸ್ ಎರಡೂ ಸೇರಿ ಸರ್ಕಾರದ ಮೇಲೆ ಒತ್ತಡ ತಂದವು ಅಂತ ಬರೆಯುವುದೇ ಸರಿ. ಕಾನೂನಿನ ದಾರಿ ಮುಂದಕ್ಕೇ ಸಾಗುತ್ತದೆ ಅಂತಲೂ ತಿಳಿಯಬೇಡಿ. ಕಟ್ಟಡ ಕೆಲಸಗಾರರಿಗೆ ಆಸರೆಯಾಗಿದ್ದ ಆ ನೋಂದಾಯಿತ ಒಪ್ಪಂದಗಳ ಪದ್ಧತಿಯನ್ನೇ 2013ರಲ್ಲಿ ಸುಪ್ರೀಂ ಕೋರ್ಟ್ ಸಂವಿಧಾನಕ್ಕೆ ವಿರುದ್ಧ ಎಂದು ತಳ್ಳಿಹಾಕಿತು. 2015ರಲ್ಲಿ ಬೇರೆ ರೂಪದ ಕಾಯ್ದೆ ತರಬೇಕಾಯಿತು.

ಇಷ್ಟೊತ್ತು ಸದನದೊಳಗಿನದ್ದು. ಹಿಗ್ಗಿನ್ಸ್ ಅವರ ಅರ್ಧ ರಾಜಕೀಯ ಇರುವುದು ಬೀದಿಯಲ್ಲಿ, ಅದನ್ನು ಬಿಟ್ಟರೆ ಅವರು ಡಾಲ್‌ಗೆ ಹೇಗೆ ಬಂದರು ಅನ್ನೋದೇ ಅರ್ಥವಾಗುವುದಿಲ್ಲ. 1990ರ ದಶಕದಲ್ಲಿ ಡಬ್ಲಿನ್ ಮನೆಗಳ ಮೇಲೆ ನೀರಿನ ಶುಲ್ಕ ಹಾಕಿದರು. ತೆರಿಗೆಯಲ್ಲೇ ಇದರ ದುಡ್ಡು ಕೊಟ್ಟಿದ್ದೇವೆ, ಸಂಬಳದಾರರ ಮೇಲೆ ಎರಡನೇ ಸಲ ಯಾಕೆ ಹೇರುತ್ತೀರಿ ಅಂತ ಜನ ಶುಲ್ಕ ಕಟ್ಟುವುದನ್ನೇ ನಿಲ್ಲಿಸಿದರು. ಹಿಗ್ಗಿನ್ಸ್ ಆ ಚಳವಳಿಯ ಮುಂದಾಳು. 1996ರ ಏಪ್ರಿಲ್‌ನ ಡಬ್ಲಿನ್ ವೆಸ್ಟ್ ಉಪಚುನಾವಣೆಯಲ್ಲಿ ಫಿಯನ್ನಾ ಫಾಯಿಲ್ ಪಕ್ಷದ ಬ್ರಯನ್ ಲೆನಿಹಾನ್ ವಿರುದ್ಧ ಅವರು ಸೋತಿದ್ದು ಬರೀ 252 ಮತದಿಂದ. ಅದೇ ಡಿಸೆಂಬರ್‌ನಲ್ಲಿ ಸರ್ಕಾರ ಶುಲ್ಕ ತೆಗೆಯುವುದಾಗಿ ಘೋಷಿಸಿತು. ಸೋತ ಚುನಾವಣೆಯೂ ಸರ್ಕಾರವನ್ನು ಅಲುಗಾಡಿಸಬಲ್ಲದು ಅನ್ನೋದಕ್ಕೆ ಇದು ಒಳ್ಳೆಯ ಸಾಕ್ಷಿ, ದಿನಾಂಕಗಳನ್ನು ಒಂದರ ಕೆಳಗೆ ಒಂದು ಬರೆದರೆ ಕಣ್ಣಿಗೆ ಕಾಣುತ್ತದೆ.

ಗೆಲ್ಲದ ಹೋರಾಟವನ್ನೂ ಅಷ್ಟೇ ಗಮನ ಕೊಟ್ಟು ಓದಿ. 2003ರಲ್ಲಿ ಬಂದ ಕಾಯ್ದೆಯೊಂದು, ಕಸದ ಶುಲ್ಕ ಕಟ್ಟದ ಮನೆಗಳ ಕಸ ಎತ್ತದೆ ಬಿಡುವ ಅಧಿಕಾರ ಕೌನ್ಸಿಲ್‌ಗಳಿಗೆ ಕೊಟ್ಟಿತು. ಡಬ್ಲಿನ್‌ನ ಉತ್ತರ ಭಾಗದ ಫಿಂಗಲ್ ಪ್ರದೇಶದಲ್ಲಿ ಜನ ಕಸದ ಲಾರಿಗಳನ್ನು ತಡೆದರು. ತಡೆಯಬಾರದು ಎಂಬ ಹೈಕೋರ್ಟ್ ಆದೇಶ ಮೀರಿದ್ದಕ್ಕೆ ಸೆಪ್ಟೆಂಬರ್‌ನಲ್ಲಿ ಹಿಗ್ಗಿನ್ಸ್ ಮತ್ತು ಕೌನ್ಸಿಲರ್ ಕ್ಲೇರ್ ಡೇಲಿ ಅವರಿಗೆ ಒಂದು ತಿಂಗಳ ಜೈಲಾಯಿತು. ಐರ್ಲೆಂಡಿನಲ್ಲಿ ಆರು ತಿಂಗಳಿಗಿಂತ ಹೆಚ್ಚಿನ ಶಿಕ್ಷೆಯಾದರೆ ಮಾತ್ರ ಟಿ.ಡಿ. ಸ್ಥಾನ ಹೋಗುತ್ತದೆ, ಹಾಗಾಗಿ ಅವರ ಸ್ಥಾನ ಉಳಿಯಿತು. ಆದರೆ ಕಸದ ಶುಲ್ಕವೂ ಉಳಿಯಿತು. ನೀರಿನ ಹೋರಾಟ ಗೆದ್ದು ಇದು ಯಾಕೆ ಸೋತಿತು ಅಂತ ಕೇಳಿಕೊಳ್ಳಿ. ನನಗೆ ಕಾಣುವ ಒಂದು ಕಾರಣ ಸರಳ. ನೀರು ನಿಲ್ಲಿಸಬೇಕಾದರೆ ಮನೆ ಮನೆಗೆ ಹೋಗಿ ಪೈಪ್ ಮುಚ್ಚಬೇಕು, ಜನ ಅಡ್ಡ ನಿಲ್ಲಬಹುದು. ಕಸ ಎತ್ತದೆ ಬಿಡಲು ಲಾರಿ ಮುಂದಕ್ಕೆ ಹೋದರೆ ಸಾಕು.

ಚುನಾವಣೆಯ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಇರಲಿ. ಅಲ್ಲಿ ಒಂದು ಕ್ಷೇತ್ರಕ್ಕೆ ಹಲವು ಸ್ಥಾನ. ಮತದಾರರು ಅಭ್ಯರ್ಥಿಗಳಿಗೆ 1, 2, 3 ಅಂತ ಕ್ರಮ ಕೊಡುತ್ತಾರೆ, ಸೋತವರ ಮತಗಳೂ ಗೆದ್ದವರ ಹೆಚ್ಚುವರಿ ಮತಗಳೂ ಮುಂದಿನವರಿಗೆ ಹೋಗುತ್ತವೆ. ಹಾಗಾಗಿ ಮೊದಲ ಆದ್ಯತೆಯ ಮತ ನೋಡಿ ತೀರ್ಮಾನ ಮಾಡಬೇಡಿ, ಎಣಿಕೆಯ ಎಲ್ಲಾ ಸುತ್ತುಗಳನ್ನೂ ನೋಡಿ. ಸ್ಥಾನಗಳ ಸಂಖ್ಯೆಯನ್ನೂ ನೋಡಿ. 2007ರಲ್ಲಿ ಡಬ್ಲಿನ್ ವೆಸ್ಟ್‌ಗೆ 3 ಸ್ಥಾನ, ಹಿಗ್ಗಿನ್ಸ್ ಸೋತರು. 2011ರಲ್ಲಿ 4 ಸ್ಥಾನ, ಗೆದ್ದರು. ನಡುವೆ ದೇಶದ ಆರ್ಥಿಕತೆ ಕುಸಿದಿದ್ದೂ ನಿಜ, ಎರಡನ್ನೂ ಸೇರಿಸಿ ಬರೆಯಿರಿ.

ಅವರ ಸ್ವಂತ ಸಂಬಳದ ವಿಷಯ ಮರೆಯಬೇಡಿ. ಟಿ.ಡಿ. ವೇತನದಲ್ಲಿ ಒಬ್ಬ ಕೈಗಾರಿಕಾ ಕಾರ್ಮಿಕರ ಸರಾಸರಿ ಸಂಬಳದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಪಕ್ಷಕ್ಕೂ ಚಳವಳಿಗಳಿಗೂ ಕೊಡುತ್ತಿದ್ದರು. ಇದನ್ನು ತ್ಯಾಗ ಅಂತ ಹೊಗಳಿ ಮುಗಿಸುವುದಕ್ಕಿಂತ ಅದರ ಹಿಂದಿನ ವಾದ ಬರೆಯುವುದು ಮುಖ್ಯ. ಜನರ ಪ್ರತಿನಿಧಿ ತಾನು ಪ್ರತಿನಿಧಿಸುವ ಜನರಂತೆಯೇ ತಿಂಗಳ ಖರ್ಚು ತೂಗಿಸಬೇಕು ಅನ್ನೋದು ಆ ಪಕ್ಷದ ನಿಲುವು. ಕೆಲಸಗಾರರ ಸಂಬಳದ ಬಗ್ಗೆ ಮಾತಾಡುವವರು ಅದೇ ಸಂಬಳದಲ್ಲಿ ಬದುಕಿ ತೋರಿಸಿದರೆ ಆ ಮಾತಿಗೆ ಬರುವ ಬಲ ಬೇರೆಯೇ, ಇದನ್ನು ನಾನು ಪೂರ್ತಿ ಒಪ್ಪುತ್ತೇನೆ.

ಎದುರಾಳಿಗಳ ವಾದಕ್ಕೂ ಜಾಗ ಕೊಡಿ. ಇವರು ಎಲ್ಲದಕ್ಕೂ ಬೇಡ ಅನ್ನುತ್ತಾರೆ, ಸರ್ಕಾರ ನಡೆಸುವ ಹೊಣೆ ಹೊರುವುದಿಲ್ಲ ಅನ್ನೋದು ದೊಡ್ಡ ಪಕ್ಷಗಳ ಟೀಕೆ. ಯುರೋಪಿಯನ್ ಒಕ್ಕೂಟದ ಆಡಳಿತ ನಿಯಮಗಳನ್ನು ಬದಲಿಸುವ ಲಿಸ್ಬನ್ ಒಪ್ಪಂದವನ್ನು ಅವರು ವಿರೋಧಿಸಿದರು. 2008ರ ಜನಮತದಲ್ಲಿ ಅದು ಬಿದ್ದಿತು, 2009ರ ಎರಡನೇ ಜನಮತದಲ್ಲಿ ಗೆದ್ದಿತು. ಆ ಟೀಕೆಯಲ್ಲಿ ಎಷ್ಟು ಹುರುಳಿದೆ ಅಂತ ತೂಗಲು ಒಂದು ಒಳ್ಳೆಯ ದಾಖಲೆ ಇದೆ. ಬ್ಯಾಂಕ್ ಕುಸಿತದ ಬಗ್ಗೆ ಸಂಸತ್ತು ನೇಮಿಸಿದ್ದ ವಿಚಾರಣಾ ಸಮಿತಿಯಲ್ಲಿ ಹಿಗ್ಗಿನ್ಸ್ ಸದಸ್ಯರಾಗಿದ್ದರು. 2016ರ ಜನವರಿಯಲ್ಲಿ ಅಂತಿಮ ವರದಿ ಬಂದಾಗ ಅದಕ್ಕೆ ಸಹಿ ಹಾಕದೆ ತಮ್ಮದೇ ಬೇರೆ ವರದಿ ಹೊರತಂದರು. ಮುಂದಿನ ತಿಂಗಳ ಚುನಾವಣೆಗೆ ಅವರು ನಿಲ್ಲಲೂ ಇಲ್ಲ. ಎರಡೂ ವರದಿಗಳನ್ನು ತೆಗೆದುಕೊಂಡು, ತಪ್ಪು ಯಾರದ್ದು ಎಂಬ ಪ್ರಶ್ನೆಗೆ ಎರಡೂ ಕೊಡುವ ಉತ್ತರಗಳನ್ನು ಜೋಡಿಸಿ ಓದಿ. ಬೇಡ ಅಂದಿದ್ದಷ್ಟೇನಾ, ಅಥವಾ ಬದಲಿಗೆ ಏನಾದರೂ ಮುಂದಿಟ್ಟರಾ ಅನ್ನೋದನ್ನು ಅಲ್ಲೇ ನಿರ್ಧರಿಸಬಹುದು.