ಆಳ ಹಿಮದಲ್ಲಿ ಹೂತುಹೋಗದ ಗಾಡಿ ಕಟ್ಟೋದು ಹೇಗೆ? ಐಸ್‌ಲ್ಯಾಂಡ್‌ನವರ ಸೂಪರ್ ಜೀಪ್ ಲೆಕ್ಕ

ಹಿಮದಲ್ಲಿ ಓಡೋ ಗಾಡಿ ಅಂದ ತಕ್ಷಣ ನಮ್ಮಲ್ಲಿ ಮೊದಲು ಬರೋ ಪ್ರಶ್ನೆ ಎಂಜಿನ್ ಎಷ್ಟು ಸಿಸಿ, ಎಷ್ಟು ಹಾರ್ಸ್‌ಪವರ್ ಅಂತ. ನನ್ನ ಕೇಳಿದ್ರೆ ಅದನ್ನ ಕೊನೇಲಿ ಕೇಳ್ಬೇಕು. ಮೆತ್ತನೆ ಹಿಮದಲ್ಲಿ ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಗುಂಡಿ ತೋಡ್ಕೊಂಡು ಕೆಳಗೆ ಇಳಿಯತ್ತೆ, ಆಮೇಲೆ ಗಾಡಿ ಹೊಟ್ಟೆ ಹಿಮದ ಮೇಲೆ ಕೂತ್ಕೊಳತ್ತೆ, ನಾಲ್ಕೂ ಚಕ್ರ ಸುಮ್ನೆ ತಿರುಗ್ತಾ ಇರತ್ತೆ, ಅಲ್ಲಿಗೆ ಸಲಿಕೆ ಹಿಡ್ಕೊಂಡು ಇಳೀಬೇಕು ಅಷ್ಟೇ. ಇಲ್ಲಿ ಮುಖ್ಯವಾದದ್ದು ಗಾಡಿ ಹಿಮದ ಮೇಲೆ ತೇಲ್ಬೇಕು ಅನ್ನೋದು, ಉಳಿದ ಕೆಲಸ ಎಲ್ಲಾ ಅದರ ಹಿಂದೆ ಬರತ್ತೆ.

ಇದನ್ನ ಮಾಡಿ ತೋರಿಸಿದವರು ಐಸ್‌ಲ್ಯಾಂಡ್ ಜನ. ಹಿಮದ ಮೇಲೆ ತೇಲೋ ಹಾಗೆ ದೊಡ್ಡ ಟೈರ್ ಹಾಕಿ ಬದಲಾಯಿಸಿದ ಫೋರ್ ಬೈ ಫೋರ್ ಗಾಡಿಗೇ ಸೂಪರ್ ಜೀಪ್ ಅನ್ನೋದು. ಅಲ್ಲಿ ನಡುನಾಡು ಪೂರ್ತಿ ಜನವಸತಿ ಇಲ್ಲದ ಎತ್ತರದ ಬಯಲು, ಆಗ್ನೇಯಕ್ಕೆ ವಾಟ್ನಾಯೋಕುಲ್ ಅನ್ನೋ ಸುಮಾರು 7,700 ಚದರ ಕಿಲೋಮೀಟರಿನ ಹಿಮನದಿ, ಚಳಿಗಾಲದಲ್ಲಿ ಅಲ್ಲಿಗೆ ಹೋಗೋಕೆ ರಸ್ತೆ ಅನ್ನೋದೇ ಇರಲ್ಲ. ಅಲ್ಲಿನ ಫೋರ್ ಬೈ ಫೋರ್ ಕ್ಲಬ್ ಶುರುವಾಗಿದ್ದು 1983ರಲ್ಲಿ, ಆರ್ಕ್ಟಿಕ್ ಟ್ರಕ್ಸ್ ಅನ್ನೋ ಸಂಸ್ಥೆ 1990ರಲ್ಲಿ ಅಲ್ಲಿನ ಟೊಯೋಟ ಡೀಲರ್ ಕಂಪನಿಯ ಒಂದು ವಿಭಾಗವಾಗಿ ಹುಟ್ತು. ಅವರ ಗಾಡಿಗಳು ಈಗ ಅಂಟಾರ್ಕ್ಟಿಕಾದಲ್ಲೂ ಓಡ್ತವೆ. ಅಲ್ಲಿನ ಸ್ವಯಂಸೇವಕ ರಕ್ಷಣಾ ತಂಡಗಳು ಬಿರುಗಾಳಿಯಲ್ಲಿ ಸಿಕ್ಕಿಹಾಕ್ಕೊಂಡವರನ್ನ ಕರ್ಕೊಂಡು ಬರೋಕೆ ಹೋಗೋದೂ ಇದೇ ತರದ ಗಾಡೀಲಿ, ಹಾಗಾಗಿ ಇದನ್ನ ಬರೀ ಶೋಕಿ ಅಂತ ಯಾರೂ ಅನ್ಕೋಬಾರ್ದು.

ಮೊದಲು ಗಾಡಿ ಆರಿಸೋದು

ಹಗುರ ಇದ್ದಷ್ಟೂ ಒಳ್ಳೇದು. ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಕಾಯಿಲ್ ಸ್ಪ್ರಿಂಗ್, ಬಾಡಿಯಿಂದ ಬೇರೆಯಾಗಿರೋ ಚಾಸಿ ಫ್ರೇಮ್, ನಿಧಾನಕ್ಕೆ ಜಾಸ್ತಿ ಬಲದಲ್ಲಿ ಎಳೆಯೋ ಲೋ ರೇಂಜ್ ಗೇರ್ ಇರೋ ಹಳೇ ಗಾಡಿ ಸಿಕ್ರೆ ಕೆಲಸ ಸುಲಭ. 90ರ ದಶಕದ 80 ಸೀರೀಸ್ ಲ್ಯಾಂಡ್ ಕ್ರೂಸರ್ ಐಸ್‌ಲ್ಯಾಂಡಲ್ಲಿ ಇವತ್ತಿಗೂ ಮೆಚ್ಚಿನ ಗಾಡಿ ಆಗಿರೋದು ಇದಕ್ಕೇನೇ, 4.2 ಲೀಟರಿನ ಆರು ಸಿಲಿಂಡರ್ ಡೀಸೆಲ್, ಎಲೆಕ್ಟ್ರಾನಿಕ್ಸ್ ಕಮ್ಮಿ, ಎಲ್ಲಿ ಬಿಚ್ಚಿದ್ರೂ ಮತ್ತೆ ಜೋಡಿಸ್ಬಹುದು. ಹೈಲಕ್ಸ್ ಅದಕ್ಕಿಂತ ಹಗುರ, ಅದನ್ನೂ ಬಹಳ ಜನ ಕಟ್ತಾರೆ. ಮುಂದಿನ ಲೆಕ್ಕಕ್ಕೆ 80 ಸೀರೀಸನ್ನೇ ಇಟ್ಕೊಳ್ಳೋಣ.

ಟೈರ್, ಇಲ್ಲೇ ಅರ್ಧ ಕೆಲಸ ಮುಗಿಯತ್ತೆ

38 ಇಂಚು ಎತ್ತರ, 15.5 ಇಂಚು ಅಗಲ, 15 ಇಂಚಿನ ರಿಮ್, ಇದು ಶುರು ಮಾಡೋರಿಗೆ ಸರಿಯಾದ ಅಳತೆ. ಭಾರದ ಗಾಡಿಗೆ, ಹಿಮನದಿ ಮೇಲೆ ದಿನಗಟ್ಟಲೆ ಓಡೋರಿಗೆ 44 ಇಂಚು. ರಿಮ್ ಸಣ್ಣದಿರ್ಬೇಕು, ಯಾಕಂದ್ರೆ ಟೈರಿನ ಗೋಡೆ ಎತ್ತರ ಇದ್ದಷ್ಟೂ ಗಾಳಿ ಕಮ್ಮಿ ಮಾಡಿದಾಗ ಚೆನ್ನಾಗಿ ಮಡಚ್ಕೊಳತ್ತೆ, ಆದ್ರೆ 15 ಇಂಚಿನ ರಿಮ್ ಕೊಳ್ಳೋಕೆ ಮುಂಚೆ ಬ್ರೇಕ್ ಕ್ಯಾಲಿಪರ್ ಒಳಗೆ ತಾಗತ್ತಾ ಅಂತ ಅಳೆದು ನೋಡಿ. ರಿಮ್ ಅಗಲ 38ಕ್ಕೆ 12ರಿಂದ 14 ಇಂಚು ಬೇಕು. ಟೈರ್ ರೇಡಿಯಲ್ಲೇ ಆಗ್ಬೇಕು, ಮೆತ್ತಗಿರ್ಬೇಕು. ಕೆಸರಿಗೆ ಅಂತ ಬರೋ ದಪ್ಪ ಕಟ್ಟೆ ಟೈರ್ ಇಲ್ಲಿ ಪ್ರಯೋಜನಕ್ಕೆ ಬರಲ್ಲ, ಅದು ಅಗೆಯತ್ತೆ.

ಈಗ ಗಾಳಿ ಲೆಕ್ಕ. ಸಾಮಾನು ಜನ ಎಲ್ಲಾ ಸೇರಿ ಗಾಡಿ 2,600 ಕಿಲೋ ಅನ್ಕೊಳ್ಳಿ, ಒಂದೊಂದು ಚಕ್ರದ ಮೇಲೆ 650 ಕಿಲೋ. ಟೈರಲ್ಲಿ 30 ಪಿಎಸ್‌ಐ (ಒಂದು ಚದರ ಇಂಚಿಗೆ ಇಷ್ಟು ಪೌಂಡ್ ಅನ್ನೋ ಒತ್ತಡದ ಅಳತೆ) ಇದ್ರೆ ನೆಲಕ್ಕೆ ತಾಗೋ ಜಾಗ ಸುಮಾರು 48 ಚದರ ಇಂಚು, ಅಂದ್ರೆ ಹೆಚ್ಚುಕಮ್ಮಿ ಅರ್ಧ ಎ4 ಹಾಳೆಯಷ್ಟು. 3 ಪಿಎಸ್‌ಐಗೆ ಇಳಿಸಿದ್ರೆ ಕಾಗದದ ಲೆಕ್ಕದಲ್ಲಿ ಅದು ಹತ್ತುಪಟ್ಟು ಆಗ್ಬೇಕು, ಟೈರಿನ ಗೋಡೆನೂ ಒಂದಷ್ಟು ಭಾರ ಹೊರೋದ್ರಿಂದ ಪೂರ್ತಿ ಹತ್ತು ಆಗಲ್ಲ, ಆದ್ರೂ ಹಲವು ಪಟ್ಟು ಆಗತ್ತೆ. ಬಹಳ ಜನ ತಿಳ್ಕೊಂಡಿರೋದು ಟೈರ್ ಅಗಲ ಆಗತ್ತೆ ಅಂತ, ನಿಜವಾಗ್ಲೂ ಆಗೋದು ಉದ್ದ. ಪಕ್ಕದಲ್ಲಿ ಮಂಡಿಯೂರಿ ನೋಡಿದ್ರೆ ಗೊತ್ತಾಗತ್ತೆ, ರಿಮ್ಮಿನ ಕೆಳಗೆ ರಬ್ಬರ್ ಮಡಿಕೆ ಮಡಿಕೆಯಾಗಿ ಹೊರಗೆ ಉಬ್ಬಿರತ್ತೆ, ಚಕ್ರದ ಮುಂದೆ ಹಿಂದೆ ಟೈರ್ ನೆಲಕ್ಕೆ ಚಪ್ಪಟೆಯಾಗಿ ಹಾಸ್ಕೊಂಡಿರತ್ತೆ, ಗಾಡಿ ಮುಂದೆ ಹೋದಾಗ ಟೈರ್ ತನ್ನ ಮುಂದೆ ತಾನೇ ದಾರಿ ಹಾಸ್ಕೊಂಡು ಹೋಗತ್ತೆ. ನಾಟಿ ಗದ್ದೆಗೆ ಇಳಿಸೋವಾಗ ಟ್ರ್ಯಾಕ್ಟರಿಗೆ ಕೇಜ್ ವೀಲ್ ಹಾಕ್ತಾರಲ್ಲ, ಭಾರ ಹಂಚೋ ಆ ಲೆಕ್ಕನೇ ಇಲ್ಲೂ ಇರೋದು.

ಇಷ್ಟು ಕಮ್ಮಿ ಗಾಳಿಯಲ್ಲಿ ಎರಡು ತೊಂದ್ರೆ ಬರತ್ತೆ. ಒಂದು, ಟೈರಿನ ಅಂಚು ರಿಮ್ಮಿಂದ ಒಳಗೆ ಜಾರಿ ಪೂರ್ತಿ ಗಾಳಿ ಹೋಗಿಬಿಡತ್ತೆ. ಇನ್ನೊಂದು, ಟೈರ್ ನಿಂತಲ್ಲೇ ಇದ್ದು ರಿಮ್ ಮಾತ್ರ ಒಳಗೆ ತಿರುಗತ್ತೆ, ಟ್ಯೂಬ್ ಇದ್ರೆ ವಾಲ್ವ್ ಕಿತ್ಕೊಂಡು ಬರತ್ತೆ. ಅದಕ್ಕೇ ಟ್ಯೂಬ್‌ಲೆಸ್ಸೇ ಬೇಕು, ಜೊತೆಗೆ ಬೋಲ್ಟ್ ಹಾಕಿ ಅಂಚನ್ನ ಬಿಗಿಯೋ ಬೀಡ್‌ಲಾಕ್ ರಿಮ್ ಹಾಕ್ಬೇಕು, ಟೈರನ್ನ ರಿಮ್ಮಿಗೆ ಅಂಟು ಹಚ್ಚಿ ಕೂರಿಸೋರೂ ಇದ್ದಾರೆ. ಒಂದೊಂದು ರಿಮ್ಮಿಗೂ ಎರಡು ವಾಲ್ವ್ ತೂತು ಕೊರೆಸ್ಕೊಳ್ಳಿ, ಒಂದ್ರಲ್ಲಿ ಗಾಳಿ ಬಿಡ್ತಾ ಇನ್ನೊಂದ್ರಲ್ಲಿ ಗೇಜ್ ನೋಡ್ಬಹುದು. ಗೇಜ್ ಕೂಡ 0ಯಿಂದ 15 ಪಿಎಸ್‌ಐ ಮಾತ್ರ ತೋರಿಸೋದು ತಗೊಳ್ಳಿ, ಪೆಟ್ರೋಲ್ ಬಂಕಿನ ಗೇಜಲ್ಲಿ 3ಕ್ಕೂ 4ಕ್ಕೂ ವ್ಯತ್ಯಾಸ ಕಾಣಲ್ಲ.

ಬಾಡಿ ಕತ್ತರಿಸೋದು

38 ಇಂಚಿನ ಟೈರ್ ಹಾಗೇ ಒಳಗೆ ಹೋಗಲ್ಲ. ಸುಲಭದ ದಾರಿ ಅಂದ್ರೆ ಸಸ್ಪೆನ್ಷನ್ ಎತ್ತರಿಸೋದು, ಆದ್ರೆ ಗಾಡಿ ಎತ್ತರ ಆದಷ್ಟೂ ಪಕ್ಕಕ್ಕೆ ಮಗುಚೋ ಭಯ ಜಾಸ್ತಿ, ಹಿಮದ ಇಳಿಜಾರಲ್ಲಿ ಅಡ್ಡ ಹೋಗೋವಾಗ ಅದು ನಿಜವಾದ ಅಪಾಯ. ಒಳ್ಳೇ ಗ್ಯಾರೇಜಿನೋರು ಸ್ವಲ್ಪ ಮಾತ್ರ ಎತ್ತರಿಸಿ, ಫೆಂಡರ್, ಒಳಗಿನ ಮಡ್ಗಾರ್ಡ್, ಬೇಕಾದ್ರೆ ಬಾಗಿಲಿನ ಮೂಲೆ ತನಕ ಕತ್ತರಿಸಿ, ಕತ್ತರಿಸಿದ ಕಡೆ ಹೊಸ ತಗಡು ವೆಲ್ಡ್ ಮಾಡಿ ಮುಚ್ತಾರೆ. ಹಿಂದಿನ ಆಕ್ಸಲ್ ಕೆಲವು ಇಂಚು ಹಿಂದಕ್ಕೆ, ಮುಂದಿನದು ಸ್ವಲ್ಪ ಮುಂದಕ್ಕೆ ಸರಿಸಿದ್ರೆ ಜಾಗನೂ ಸಿಗತ್ತೆ, ಗಾಡಿ ಹತ್ತೋವಾಗ ಇಳಿಯೋವಾಗ ಸ್ಥಿರವಾಗಿಯೂ ಇರತ್ತೆ. ಮೇಲೆ, ಹೊರಗೆ ಚಾಚಿದ ಟೈರನ್ನ ಮುಚ್ಚೋಕೆ, ಫೈಬರ್‌ಗ್ಲಾಸಿನ ಅಗಲ ಫ್ಲೇರ್. ಕತ್ತರಿಸಿದ ಪ್ರತಿ ಅಂಚಿಗೂ ಸೀಲರ್, ತುಕ್ಕು ತಡೆಯೋ ಪೇಂಟ್ ಹಚ್ಚಲೇಬೇಕು, ಹಿಮ ಕರಗಿದ ನೀರು, ರಸ್ತೆಗೆ ಹಾಕೋ ಉಪ್ಪು ಎರಡೂ ಸೇರಿ ತಗಡನ್ನ ಬೇಗ ತಿಂದು ಹಾಕತ್ತೆ.

ಸ್ಟೀಲ್ ಬಂಪರ್, ದೊಡ್ಡ ರೂಫ್ ಕ್ಯಾರಿಯರ್, ಇವೆಲ್ಲ ಬೇಡ. ಕಬ್ಬಿಣ ಏರಿಸಿದಷ್ಟೂ ದುಡ್ಡು ಸುರಿದು ಹಾಕಿದ ದೊಡ್ಡ ಟೈರಿನ ಲಾಭ ಕಳ್ಕೊಳ್ತಾ ಹೋಗ್ತೀರಿ.

ಗೇರ್ ಮತ್ತು ಲಾಕರ್

ಟೈರ್ ದೊಡ್ಡದಾದ್ರೆ ಎಂಜಿನ್ನಿಗೆ ಗೇರ್ ಉದ್ದ ಆದ ಹಾಗೆ ಆಗತ್ತೆ, ಕ್ಲಚ್ ಸುಡತ್ತೆ. ಅದಕ್ಕೇ ಡಿಫರೆನ್ಷಿಯಲ್ಲಿನ ಗೇರ್ ರೇಷಿಯೋ ಬದಲಾಯಿಸ್ಬೇಕು. ಲೆಕ್ಕ ಸರಳ, ಹಳೇ ರೇಷಿಯೋನ ಹೊಸ ಟೈರಿನ ಎತ್ತರದಿಂದ ಗುಣಿಸಿ ಹಳೇ ಟೈರಿನ ಎತ್ತರದಿಂದ ಭಾಗಿಸಿ. 4.1 ರೇಷಿಯೋ, 31 ಇಂಚಿನ ಟೈರ್ ಇದ್ದ ಗಾಡಿಗೆ 38 ಹಾಕಿದ್ರೆ ಸುಮಾರು 5.0 ಬರತ್ತೆ, ಮಾರ್ಕೆಟಲ್ಲಿ ಸಿಗೋ 4.88 ಅದಕ್ಕೆ ಹತ್ರ. 44ಕ್ಕೆ 5.29 ಹಾಕಿ, ಉಳಿದದ್ದಕ್ಕೆ ಮುಂದಿನ ಹಿಂದಿನ ಆಕ್ಸಲ್‌ಗೆ ಶಕ್ತಿ ಹಂಚೋ ಟ್ರಾನ್ಸ್‌ಫರ್ ಕೇಸಿಗೆ ತೀರಾ ನಿಧಾನ ಓಡಿಸೋ ಇನ್ನೊಂದು ಕ್ರಾಲರ್ ಗೇರ್ ಸೇರಿಸ್ತಾರೆ. ಮುಂದಿನ ಹಿಂದಿನ ಡಿಫರೆನ್ಷಿಯಲ್ ಎರಡಕ್ಕೂ ರೇಷಿಯೋ ಒಂದೇ ಇರ್ಬೇಕು, ಬಿಚ್ಚಿದಾಗ್ಲೇ ಎರಡಕ್ಕೂ ಲಾಕರ್ (ಎಡ ಬಲ ಚಕ್ರ ಎರಡೂ ಒಟ್ಟಿಗೇ ತಿರುಗೋ ಹಾಗೆ ಕಟ್ಟೋ ಸಾಧನ) ಹಾಕಿಸಿಬಿಡಿ, ಮತ್ತೆ ಬಿಚ್ಚೋ ಖರ್ಚು ಉಳಿಯತ್ತೆ. ಗಾಳಿಯಿಂದ ಕೆಲಸ ಮಾಡೋ ಲಾಕರ್ ಆದ್ರೆ ಕಂಪ್ರೆಸರ್ ಲೈನಿಗೆ ನೀರು ಬೇರೆ ಮಾಡೋ ಫಿಲ್ಟರ್ ಹಾಕಿ, ಪೈಪಲ್ಲಿ ತೇವ ಇದ್ರೆ ಅದು ಹೆಪ್ಪುಗಟ್ಟಿ ಬೇಕಾದ ಹೊತ್ತಲ್ಲೇ ಲಾಕರ್ ಕೂರಲ್ಲ. ಆಕ್ಸಲ್, ಗೇರ್‌ಬಾಕ್ಸ್ ಒಳಗಿನ ಗಾಳಿ ಆಡೋ ಬ್ರೀದರ್ ಪೈಪುಗಳನ್ನ ನೀರು ಒಳಗೆ ಹೋಗದ ಹಾಗೆ ಎಂಜಿನ್ ಬೇ ಮೇಲ್ಭಾಗಕ್ಕೆ ಎಳೀರಿ, ಐಸ್‌ಲ್ಯಾಂಡ್ ದಾರೀಲಿ ಹಿಮ ಇದ್ದಷ್ಟೇ ಸೇತುವೆ ಇಲ್ಲದ ಹೊಳೆಗಳೂ ಇವೆ. ಸ್ಪೀಡೋಮೀಟರ್ ಮತ್ತೆ ಕ್ಯಾಲಿಬ್ರೇಟ್ ಮಾಡಿಸಿ.

ಕಂಪ್ರೆಸರ್ ಸಣ್ಣ ಆಟಿಕೆ ತರದ್ದು ಬೇಡ. 38 ಇಂಚಿನ ನಾಲ್ಕು ಟೈರಿಗೆ 3ರಿಂದ 25ರ ತನಕ ಗಾಳಿ ತುಂಬೋದು ದೊಡ್ಡ ಕೆಲಸ. ಹಳೇ ಎಸಿ ಕಂಪ್ರೆಸರನ್ನ ಎಂಜಿನ್ ಬೆಲ್ಟಿಗೆ ಜೋಡಿಸಿ ಗಾಳಿ ಪಂಪ್ ಮಾಡ್ಕೊಳ್ಳೋರಿದ್ದಾರೆ, ಅದು ಬೇಗ ತುಂಬತ್ತೆ. ದುಡ್ಡಿದ್ರೆ ಒಳಗೆ ಕೂತೇ ಗಾಳಿ ಏರಿಸಿ ಇಳಿಸೋ ವ್ಯವಸ್ಥೆ ಹಾಕಿಸ್ಬಹುದು, ಚಕ್ರದ ಹೊರಗಿಂದ ಫೆಂಡರ್ ತನಕ ಪೈಪ್ ಬಂದಿರತ್ತೆ, ಆಗ ಬಿರುಗಾಳಿಯಲ್ಲಿ ಹತ್ತು ಸಲ ಇಳಿದು ಹತ್ತೋ ಕಷ್ಟ ಇರಲ್ಲ.

ಚಳಿಗೆ ತಯಾರಿ

ಐಸ್‌ಲ್ಯಾಂಡಲ್ಲಿ 1918ರ ಜನವರಿಯಲ್ಲಿ ಮೈನಸ್ 38 ಡಿಗ್ರಿ ದಾಖಲಾಗಿದೆ, ಒಳನಾಡಲ್ಲಿ ಮೈನಸ್ 20 ಅಪರೂಪ ಅಲ್ಲ. ನಮ್ಮೂರಲ್ಲಿ ಎಲ್ಲಾ ಡೀಸೆಲ್ ಗಾಡಿಗೂ ಹಾಕೋ 15ಡಬ್ಲ್ಯೂ-40 ಎಂಜಿನ್ ಆಯಿಲ್ ಇದ್ಯಲ್ಲ, ಅದು ಪಂಪ್ ಆಗೋದಕ್ಕೆ ಪರೀಕ್ಷೆ ಮಾಡೋದು ಮೈನಸ್ 25ರಲ್ಲಿ. 0ಡಬ್ಲ್ಯೂ ಆಯಿಲಿಗೆ ಮೈನಸ್ 40ರಲ್ಲಿ. ಹಾಗಾಗಿ ಎಂಜಿನ್ನಿಗೆ 0ಡಬ್ಲ್ಯೂ-30 ಅಥವಾ 0ಡಬ್ಲ್ಯೂ-40, ಡಿಫರೆನ್ಷಿಯಲ್ಲಿಗೆ 80ಡಬ್ಲ್ಯೂ-90 ಬದ್ಲು ಸಿಂಥೆಟಿಕ್ 75ಡಬ್ಲ್ಯೂ-90.

ಕೂಲೆಂಟ್ ವಿಷಯದಲ್ಲಿ ಜಾಸ್ತಿ ಹಾಕಿದ್ರೆ ಒಳ್ಳೇದು ಅನ್ನೋ ನಂಬಿಕೆ ಇದೆ, ತಪ್ಪು. ನೀರು ಗ್ಲೈಕಾಲ್ ಅರ್ಧ ಅರ್ಧ ಇದ್ರೆ ಸುಮಾರು ಮೈನಸ್ 37ರ ತನಕ ತಡೆಯತ್ತೆ, 60 ಭಾಗ ಗ್ಲೈಕಾಲ್ ಇದ್ರೆ ಮೈನಸ್ 50 ದಾಟತ್ತೆ, ಆದ್ರೆ ನೀರೇ ಹಾಕದ ಬರೀ ಗ್ಲೈಕಾಲ್ ಮೈನಸ್ 13ರ ಹತ್ರವೇ ಗಟ್ಟಿ ಆಗತ್ತೆ.

ಡೀಸೆಲ್ಲಲ್ಲಿ ಮೇಣ ಇರತ್ತೆ, ಚಳಿಗೆ ಅದು ಹರಳುಗಟ್ಟಿ ಫಿಲ್ಟರ್ ಕಟ್ಕೊಳತ್ತೆ, ಎಂಜಿನ್ ಸ್ಟಾರ್ಟ್ ಆಗಿ ಸ್ವಲ್ಪ ದೂರ ಹೋಗಿ ನಿಂತುಬಿಡತ್ತೆ. ಯುರೋಪಿನ ಆರ್ಕ್ಟಿಕ್ ದರ್ಜೆ ಡೀಸೆಲ್ ಮೈನಸ್ 20ರಿಂದ ಶುರುವಾಗಿ ಮೈನಸ್ 44ರ ತನಕ ಐದು ವರ್ಗದಲ್ಲಿ ಬರತ್ತೆ. ಅಂಟಾರ್ಕ್ಟಿಕಾದಲ್ಲಿ ಡೀಸೆಲ್ಲೇ ಬಿಟ್ಟು ಮೈನಸ್ 47ರ ತನಕ ಹೆಪ್ಪುಗಟ್ಟದ ಜೆಟ್ ಎ-1 ವಿಮಾನ ಇಂಧನ ಹಾಕ್ತಾರೆ. ಫಿಲ್ಟರಿಗೆ ಹೀಟರ್ ಹಾಕ್ಸಿ, ಎಂಜಿನ್ನಿಗೆ ಡೀಸೆಲ್ಲಲ್ಲೇ ಉರಿಯೋ ಸಣ್ಣ ಕೂಲೆಂಟ್ ಹೀಟರ್ ಹಾಕ್ಸಿ, ಸ್ಟಾರ್ಟ್ ಮಾಡೋಕೆ ಮುಂಚೆ ಅದನ್ನ ಉರಿಸಿದ್ರೆ ಎಂಜಿನ್ನೂ ಬೆಚ್ಚಗಾಗತ್ತೆ, ಕ್ಯಾಬಿನ್ನೂ ಬೆಚ್ಚಗಾಗತ್ತೆ. ಬ್ಯಾಟರಿ ಮೈನಸ್ 18ರಲ್ಲಿ ತನ್ನ ಶಕ್ತಿಯ ಅರ್ಧದಷ್ಟು ಕಳ್ಕೊಳತ್ತೆ, ಪೂರ್ತಿ ಚಾರ್ಜ್ ಇದ್ರೆ ಹೆಪ್ಪುಗಟ್ಟಲ್ಲ, ಖಾಲಿ ಆಗಿದ್ರೆ ಮೈನಸ್ 10ರ ಆಸುಪಾಸಲ್ಲೇ ಹೆಪ್ಪುಗಟ್ಟಿ ಒಡೆಯತ್ತೆ, ಹಾಗಾಗಿ ಎರಡು ಬ್ಯಾಟರಿ ಇಡೋದು ವಾಸಿ.

ರಾತ್ರಿ ಹ್ಯಾಂಡ್‌ಬ್ರೇಕ್ ಎಳೀಬೇಡಿ, ತೇವ ಹೆಪ್ಪುಗಟ್ಟಿ ಡ್ರಮ್ಮಿಗೆ ಅಂಟ್ಕೊಳತ್ತೆ, ಗೇರಲ್ಲಿ ಬಿಡಿ. ಬಾಗಿಲಿನ ರಬ್ಬರಿಗೆ ಸಿಲಿಕೋನ್ ಹಚ್ಚಿ. ಇನ್ನೊಂದು ಮಾತನ್ನ ದಯವಿಟ್ಟು ಗಂಭೀರವಾಗಿ ತಗೊಳ್ಳಿ: ಬಿರುಗಾಳಿಯಲ್ಲಿ ನಿಂತು ಎಂಜಿನ್ ಓಡಿಸ್ತಾ ಬೆಚ್ಚಗೆ ಕೂತಿರೋವಾಗ ಹಿಮ ಬಂದು ಸೈಲೆನ್ಸರ್ ಬಾಯಿ ಮುಚ್ಚಿಬಿಡ್ಬಹುದು, ಕಾರ್ಬನ್ ಮೊನಾಕ್ಸೈಡ್ ಒಳಗೆ ಬರತ್ತೆ, ಅದಕ್ಕೆ ವಾಸನೆ ಇಲ್ಲ, ನಿದ್ದೆ ಬಂದ ಹಾಗೆ ಆಗಿ ಜೀವನೇ ಹೋಗತ್ತೆ. ಕ್ಯಾಬಿನ್ನಲ್ಲಿ ಅಲಾರ್ಮ್ ಇರಲೇಬೇಕು, ಆಗಾಗ ಇಳಿದು ಸೈಲೆನ್ಸರ್ ಸುತ್ತ ಸಲಿಕೆ ಹಾಕಲೇಬೇಕು.

ಓಡಿಸೋವಾಗ

ಟಾರ್ ರಸ್ತೇಲಿ 25, ಜಲ್ಲಿ ದಾರೀಲಿ 15, ಗಟ್ಟಿ ಹಿಮದಲ್ಲಿ 8-10, ಮೆತ್ತನೆ ಹಿಮದಲ್ಲಿ 4-5, ತೀರಾ ಆಳ ಆದ್ರೆ 2-3 ಪಿಎಸ್‌ಐ, ಇದು ಸುಮಾರು ಅಳತೆ. 3ರಲ್ಲಿ ನಿಧಾನವಾಗೇ ಹೋಗ್ಬೇಕು, ಅದೇ ಗಾಳಿಯಲ್ಲಿ ಟಾರಿಗೆ ಬಂದು ವೇಗ ಹಿಡಿದ್ರೆ ಟೈರಿನ ಗೋಡೆ ಕಾದು ಹರಿದುಹೋಗತ್ತೆ. ಗಾಡಿ ನಿಂತಿತು ಅಂದ್ರೆ ಆಕ್ಸಿಲರೇಟರ್ ತಕ್ಷಣ ಬಿಟ್ಟು, ತಾನೇ ತುಳಿದ ಜಾಡಲ್ಲಿ ಹಿಂದೆ ಬಂದು ಮತ್ತೆ ಮೆಲ್ಲಗೆ ಮುಂದೆ ಹೋಗ್ಬೇಕು, ಒಂದೊಂದು ಸಲಕ್ಕೂ ಒಂದಿಷ್ಟು ಅಡಿ ದಾರಿ ಸಿಗತ್ತೆ. ಅದಕ್ಕೆ ತಾಳ್ಮೆ ಬೇಕು.

ಗಾಳಿ ನೋಡೋದು ಗ್ಯಾರೇಜ್ ಒಳಗಲ್ಲ, ಹೊರಗೆ. ಒಳಗೆ 15 ಡಿಗ್ರಿ ಬಿಸಿಯಲ್ಲಿ 3ಕ್ಕೆ ಇಟ್ಟ ಟೈರು ಹೊರಗೆ ಮೈನಸ್ 25ಕ್ಕೆ ಬಂದ್ರೆ ಅರ್ಧ ಪಿಎಸ್‌ಐ ಮಾತ್ರ ಉಳಿಯತ್ತೆ. ಎತ್ತರಕ್ಕೆ ಹೋದಾಗ ಇದಕ್ಕೆ ಉಲ್ಟಾ, ವಾಟ್ನಾಯೋಕುಲ್ ಮೇಲೆ ಗ್ರಿಮ್ಸ್‌ವೋಟ್ನ್ ಹತ್ರ ಸುಮಾರು 1,700 ಮೀಟರ್ ಎತ್ತರದಲ್ಲಿ ಹೊರಗಿನ ಗಾಳಿ ಒತ್ತಡ ಕಮ್ಮಿ ಇರೋದ್ರಿಂದ ಗೇಜ್ ಎರಡೂವರೆ ಪಿಎಸ್‌ಐ ಜಾಸ್ತಿ ತೋರಿಸತ್ತೆ, ಮೇಲೆ ಮತ್ತೆ ಬಿಡ್ಬೇಕು, ಇಳಿಯೋವಾಗ ಮತ್ತೆ ತುಂಬ್ಬೇಕು. ಹಿಮನದಿಯಲ್ಲಿ ಹಿಮದ ಕೆಳಗೆ ಮುಚ್ಚಿಹೋದ ಬಿರುಕುಗಳಿರ್ತವೆ, ಗೊತ್ತಿರೋ ಜಿಪಿಎಸ್ ಜಾಡು ಬಿಟ್ಟು ಆಚೆ ಹೋಗ್ಬಾರ್ದು, ಒಂಟಿ ಗಾಡೀಲಂತೂ ಹೋಗಲೇಬಾರ್ದು. ಅಗಲದ ಸಲಿಕೆ, ಎಳೆದಾಗ ಹಿಗ್ಗೋ ರೋಪ್, ರೇಡಿಯೋ, ಮಲಗೋ ಚೀಲ, ಎರಡು ದಿನದ ಊಟ ಪ್ರತಿ ಗಾಡೀಲೂ ಇರ್ಲಿ. ಐಸ್‌ಲ್ಯಾಂಡಲ್ಲಿ ನೆಲ ಹೆಪ್ಪುಗಟ್ಟಿ ಹಿಮ ಮುಚ್ಚಿದ್ರೆ ಮಾತ್ರ ದಾರಿ ಬಿಟ್ಟು ಓಡಿಸೋಕೆ ಅವಕಾಶ, ಬರೀ ನೆಲದ ಮೇಲೆ ಹೋದ್ರೆ ದಂಡ, ಪಾಚಿ ಮೇಲೆ ಬಿದ್ದ ಚಕ್ರದ ಗುರುತು ಎಷ್ಟೋ ವರ್ಷ ಹಾಗೇ ಉಳಿಯತ್ತೆ.

ಅಲ್ಲಿ ಇಂಥ ಗಾಡೀನ ತಪಾಸಣೆ ಮಾಡಿಸಿ ರಿಜಿಸ್ಟರ್ ಮಾಡ್ಸೋಕೆ ದಾರಿ ಇದೆ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮತ್ತು 2019ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಕಂಪನಿ ಕೊಟ್ಟ ಮೂಲ ರೂಪ ಬದಲಾಯಿಸೋ ಹಾಗಿಲ್ಲ, ಹಾಗಾಗಿ ಫೆಂಡರ್ ಕತ್ತರಿಸಿ 38 ಹಾಕೋ ಆಸೆ ರಸ್ತೆ ಗಾಡಿಗೆ ಬೇಡ. ಆದ್ರೆ ಬೆಂಗಳೂರಿಂದ ಚಳಿಗಾಲದಲ್ಲಿ ಲಡಾಖಿಗೆ ಹೋಗೋರಿಗೆ ಆಯಿಲ್, ಕೂಲೆಂಟ್, ಬ್ಯಾಟರಿ, ಹ್ಯಾಂಡ್‌ಬ್ರೇಕ್ ವಿಷಯ ಎಲ್ಲಾ ಹಾಗೇ ಅನ್ವಯಿಸತ್ತೆ. ಇಂಡಿಯನ್ ಆಯಿಲ್ 2019ರ ನವೆಂಬರಲ್ಲಿ ಲಡಾಖಿಗೆ ಅಂತಲೇ ಮೈನಸ್ 33ರ ತನಕ ಹರಿಯೋ ಚಳಿಗಾಲದ ಡೀಸೆಲ್ ತಂದಿದೆ. ಕೆಳಗಿನ ಊರಲ್ಲಿ ತುಂಬಿಸಿದ ಮಾಮೂಲಿ ಡೀಸೆಲ್ ಟ್ಯಾಂಕಲ್ಲಿ ಆದಷ್ಟು ಖಾಲಿ ಮಾಡ್ಕೊಂಡು ಅದನ್ನ ಹಾಕ್ಸಿ, ಹಾಕ್ಸಿದ ಮೇಲೆ ಒಂದಷ್ಟು ಕಿಲೋಮೀಟರ್ ಓಡಿಸಿ ಆಮೇಲೆ ರಾತ್ರಿಗೆ ನಿಲ್ಲಿಸಿ, ಇಲ್ಲಾಂದ್ರೆ ಟ್ಯಾಂಕಲ್ಲಿ ಒಳ್ಳೇ ಡೀಸೆಲ್ ಇದ್ರೂ ಪೈಪಲ್ಲಿ, ಫಿಲ್ಟರಲ್ಲಿ ಹಳೇದೇ ಉಳ್ಕೊಂಡು ಬೆಳಿಗ್ಗೆ ಅಲ್ಲೇ ಕಟ್ಕೊಳತ್ತೆ.