ಟ್ರ್ಯಾಕ್ಟರ್ ಬಿಚ್ಚಿಸುವ ಮೊದಲು ಸದ್ದಿನ ಜಾಗ ಹಿಡಿಯಿರಿ

ಫೋರ್ ವ್ಹೀಲ್ ಡ್ರೈವ್ ಇರುವ ಮಿನಿ ಟ್ರ್ಯಾಕ್ಟರಿನ ಅಡಿಯಿಂದ ಗುಂಯ್ ಎಂದೋ ಕಟಕಟ ಎಂದೋ ಸದ್ದು ಬರತೊಡಗಿದರೆ ಹೆಚ್ಚಿನ ಕಡೆ ನಡೆಯುವುದು ಒಂದೇ ರೀತಿ. ಮಾಲೀಕರು ಗ್ಯಾರೇಜಿಗೆ ಒಯ್ಯುತ್ತಾರೆ. ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ‘ಗೇರ್‌ಬಾಕ್ಸ್ ಹೋಗಿದೆ, ಬಿಚ್ಚಬೇಕು’ ಎನ್ನುತ್ತಾರೆ. ಸಂಜೆಯ ಹೊತ್ತಿಗೆ ಗಾಡಿ ನಡುವಿನಲ್ಲಿ ಎರಡು ಹೋಳಾಗಿ ನಿಂತಿರುತ್ತದೆ. ನಾಲ್ಕಾರು ಬೇರಿಂಗ್ ಬದಲಾಗಿ, ಬಿಲ್ ಪಾವತಿಯಾಗಿ, ಗಾಡಿ ತೋಟಕ್ಕೆ ಮರಳಿದ ಮೇಲೆ ನೋಡಿದರೆ ಸದ್ದು ಅಲ್ಲೇ ಇದೆ. ವಿಜಯಪುರದ ದ್ರಾಕ್ಷಿ ತೋಟಗಳಲ್ಲಿ, ಚನ್ನಗಿರಿ ಕಡೆಯ ಅಡಿಕೆ ತೋಟಗಳಲ್ಲಿ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಔಷಧಿ ಸಿಂಪಡಣೆಯ ದಿನಗಳಲ್ಲಿ ಗಾಡಿ ಗ್ಯಾರೇಜಿನಲ್ಲಿ ನಿಂತರೆ ಬಳ್ಳಿಗೆ ಬಂದ ರೋಗ ಕಾಯುತ್ತಾ ಕೂರುವುದಿಲ್ಲ.

ಸದ್ದಿನ ಜಾಗ ಹಿಡಿಯಲು ಎರಡು ಪ್ರಶ್ನೆ ಕೇಳಬೇಕು. ಸದ್ದು ಬರುವಾಗ ಯಾವ ಭಾಗ ತಿರುಗುತ್ತಿದೆ? ಅದರ ಮೇಲೆ ಭಾರ ಬಿದ್ದಿದೆಯೇ? ಎಲ್ಲರೂ ಮೊದಲನೆಯದನ್ನು ಕೇಳಿ ನಿಲ್ಲಿಸುತ್ತಾರೆ. ದಾರಿ ತಪ್ಪುವುದು ಎರಡನೆಯದರಲ್ಲಿ.

ಬೇಕಾದ ಸಾಮಾನು ಹೆಚ್ಚೇನಿಲ್ಲ: ಗಟ್ಟಿಯಾದ ಜಾಕ್, ಎರಡು ಸ್ಟ್ಯಾಂಡ್, ಚಕ್ರಕ್ಕೆ ಕೊಡಲು ಮರದ ದಿಮ್ಮಿ, ಉದ್ದನೆಯ ಸ್ಕ್ರೂಡ್ರೈವರ್, ಸೀಮೆಸುಣ್ಣ, ಆಯಸ್ಕಾಂತ, ಅಗಲವಾದ ಬಿಳಿ ತಟ್ಟೆ. ಜೊತೆಗೆ ಇನ್ನೊಬ್ಬರು ಇರಲೇಬೇಕು. ಪಂಚೆ ಉಟ್ಟು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ತಿರುಗುವ ಪಿಟಿಒ (ಹಿಂದಿನ ಉಪಕರಣಕ್ಕೆ ಎಂಜಿನ್ ಶಕ್ತಿ ಕೊಡುವ ಶಾಫ್ಟ್) ಬಳಿ ಹೋಗಬೇಡಿ. ಬಟ್ಟೆ ಸುತ್ತಿಕೊಂಡರೆ ಎಳೆದುಕೊಳ್ಳಲು ಒಂದು ಕ್ಷಣ ಸಾಕು.

1. ಮೊದಲು ಉಪಕರಣ ಬಿಚ್ಚಿಡಿ

ಹಿಂದಿರುವ ರೋಟವೇಟರ್, ಸ್ಪ್ರೇಯರ್ ಯಾವುದೇ ಇರಲಿ, ಪಿಟಿಒ ಶಾಫ್ಟ್ ಸಮೇತ ಕಳಚಿಟ್ಟು ಓಡಿಸಿ ನೋಡಿ. ಸದ್ದು ನಿಂತರೆ ಟ್ರ್ಯಾಕ್ಟರ್ ಬಿಟ್ಟು ಉಪಕರಣ ನೋಡಿ. ರೋಟವೇಟರಿನ ಪಕ್ಕದ ಚೈನು ಅಥವಾ ಗೇರು, ಆಯಿಲ್ ಇಲ್ಲದ ಅದರ ಗೇರ್‌ಬಾಕ್ಸ್, ಕ್ರಾಸ್ ಸವೆದ ಶಾಫ್ಟ್, ಇವೆಲ್ಲ ಚಾಲಕನ ಸೀಟಿನಲ್ಲಿ ಕೂತವರಿಗೆ ಟ್ರ್ಯಾಕ್ಟರಿನದೇ ಸದ್ದಿನಂತೆ ಕೇಳುತ್ತವೆ. ಉಪಕರಣ ಎತ್ತಿದಾಗ ಮಾತ್ರ ಗಡಗಡ ಜೋರಾದರೆ ಶಾಫ್ಟಿನ ಕೋನ ಹೆಚ್ಚಾಗಿದೆ ಎಂದರ್ಥ. ಶಾಫ್ಟಿನ ಎರಡೂ ತುದಿಯ ಕವಲುಗಳು ಒಂದೇ ಸಾಲಿನಲ್ಲಿವೆಯೇ ನೋಡಿ. ಎಳೆದು ಸೇರಿಸುವಾಗ ಒಂದು ಹಲ್ಲು ತಪ್ಪಿದರೂ ಇಡೀ ಗಾಡಿ ನಡುಗುತ್ತದೆ.

2. ನಿಂತಲ್ಲೇ ಮಾಡುವ ಪರೀಕ್ಷೆ

ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಬಿಗಿ, ಎಂಜಿನ್ ಚಾಲೂ. ಕ್ಲಚ್ ಒತ್ತಿದಾಗ ಸದ್ದು ಶುರುವಾದರೆ ಕ್ಲಚ್ ರಿಲೀಸ್ ಬೇರಿಂಗ್. ಒತ್ತಿದಾಗ ನಿಂತು, ಬಿಟ್ಟಾಗ ಬಂದರೆ ಗೇರ್‌ಬಾಕ್ಸಿನ ಮುಂಭಾಗದ ಶಾಫ್ಟಿನ ಬೇರಿಂಗ್. ಗೇರ್‌ಬಾಕ್ಸಿಗೊಂದು, ಪಿಟಿಒಗೊಂದು ಎಂದು ಡ್ಯುಯಲ್ ಕ್ಲಚ್ ಇದ್ದರೆ ಪೆಡಲನ್ನು ಪೂರ್ತಿ ಕೆಳಗೊತ್ತಿ ನೋಡಿ. ಅರ್ಧ ಒತ್ತಿದರೆ ಪಿಟಿಒ ಕಡೆಯದು ತಿರುಗುತ್ತಲೇ ಇರುತ್ತದೆ.

ಎಂಜಿನ್ ವೇಗದ ಜೊತೆಗೇ ಏರಿಳಿಯುವ, ಲಿಫ್ಟ್ ಎತ್ತುವಾಗ ಇನ್ನಷ್ಟು ಕೀರಲಾಗುವ ಸದ್ದು ಹೈಡ್ರಾಲಿಕ್ ಪಂಪಿನದು. ಆಯಿಲ್ ಮಟ್ಟ ಮತ್ತು ಜಾಲರಿ ಫಿಲ್ಟರ್ ನೋಡಿ. ಅರ್ಧ ಲೀಟರ್ ಆಯಿಲಿನಲ್ಲಿ ಮುಗಿಯಬೇಕಾದ ಕೆಲಸಕ್ಕೆ ಗೇರ್‌ಬಾಕ್ಸ್ ಬಿಚ್ಚಿಸಿದವರಿದ್ದಾರೆ.

3. ಓಡಿಸಿ ಕೇಳುವುದು

ಮೆತ್ತನೆಯ ಸಮತಟ್ಟು ಹೊಲ ಬೇಕು, ಡಾಂಬರು ರಸ್ತೆ ಬೇಡ. ಫೋರ್ ವ್ಹೀಲ್ ಲಿವರ್ ಬಿಡಿಸಿ, ಒಂದೇ ನೆಲದ ವೇಗವನ್ನು ಎರಡು ಬೇರೆ ಬೇರೆ ಗೇರಿನಲ್ಲಿ ಓಡಿಸಿ. ಎಂಜಿನ್ ವೇಗ ಬದಲಾದಂತೆ ಸದ್ದಿನ ಸ್ವರವೂ ಬದಲಾದರೆ ಮೂಲ ಗೇರ್‌ಬಾಕ್ಸಿನ ಮುಂಭಾಗದಲ್ಲಿದೆ. ಸ್ವರ ನೆಲದ ವೇಗಕ್ಕೇ ಅಂಟಿಕೊಂಡಿದ್ದರೆ ಕ್ರೌನ್-ಪಿನಿಯನ್ (ಶಾಫ್ಟಿನ ಶಕ್ತಿಯನ್ನು ಆಕ್ಸಲ್ ಕಡೆಗೆ ತಿರುಗಿಸುವ ಗೇರ್ ಜೋಡಿ), ಆಕ್ಸಲ್, ಚಕ್ರದ ಹಬ್ಬುಗಳ ಕಡೆ ನೋಡಿ. ಒಂದೇ ಗೇರಿನಲ್ಲಿ ಬಂದು ಉಳಿದವುಗಳಲ್ಲಿ ಬಾರದಿದ್ದರೆ ಆ ಗೇರಿನ ಜೋಡಿಯೇ ಸವೆದಿದೆ.

ಈಗ ಭಾರದ ಪ್ರಶ್ನೆ. ಏರಿನಲ್ಲಿ ಎಳೆಯುವಾಗ ಮಾತ್ರ ಗುಂಯ್ ಎಂದರೆ ಕ್ರೌನ್ ಹಲ್ಲಿನ ಎಳೆಯುವ ಮೈ ಸವೆದಿದೆ. ಇಳಿಜಾರಿನಲ್ಲಿ ಥ್ರಾಟಲ್ ಇಳಿಸಿದಾಗ ಮಾತ್ರ ಬಂದರೆ ಹಿಂದಿನ ಮೈ. ಎರಡರಲ್ಲೂ ಒಂದೇ ಸಮನೆ ಗರಗರ ಇದ್ದರೆ ಮೊದಲ ಅನುಮಾನ ಬೇರಿಂಗ್. ಮುಂದೆ ಹಿಂದೆ ಗೇರ್ ಬದಲಿಸಿದಾಗ ಒಮ್ಮೆ ‘ಟಣ್’ ಎಂದರೆ ಎಲ್ಲೋ ಹಲ್ಲುಗಳ ನಡುವೆ ಸಡಿಲ ಹೆಚ್ಚಿದೆ, ಇಲ್ಲವೇ ಮುಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಸ್ಪ್ಲೈನ್ (ಹಲ್ಲಿನ ಜೋಡಣೆ) ಗ್ರೀಸ್ ಕಾಣದೆ ಒಣಗಿದೆ. ತಿರುವಿನಲ್ಲಿ ಹಿಂದಿನಿಂದ ಧಡ್ ಧಡ್ ಬಂದರೆ ಡಿಫರೆನ್ಷಿಯಲ್ (ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಲಾಕಿನ ಪೆಡಲ್ ಕೆಸರಿನಲ್ಲಿ ಸಿಕ್ಕಿಕೊಂಡಿದೆಯೇ ನೋಡಿ. ಚಕ್ರದ ನಟ್ಟುಗಳನ್ನೂ ಇದೇ ಹೊತ್ತಿನಲ್ಲಿ ಬಿಗಿಮಾಡಿ.

ಕೇಳಲೆಂದು ಮಡ್‌ಗಾರ್ಡಿನ ಮೇಲೆ ಯಾರನ್ನೂ ಕೂರಿಸಬೇಡಿ. ಮೊಬೈಲನ್ನು ರೆಕಾರ್ಡಿಂಗಿಗೆ ಹಾಕಿ, ಬಟ್ಟೆ ಸುತ್ತಿ, ಒಮ್ಮೆ ಮುಂದಿನ ಆಕ್ಸಲ್ ಮೇಲೆ, ಒಮ್ಮೆ ಹಿಂದಿನ ಹೌಸಿಂಗ್ ಮೇಲೆ, ತಿರುಗುವ ಭಾಗಗಳಿಂದ ದೂರವಾಗಿ ಬಿಗಿಯಾಗಿ ಕಟ್ಟಿ ಓಡಿಸಿ. ಎರಡನ್ನೂ ಹೋಲಿಸಿ ಕೇಳಿದರೆ ಸೀಟಿನಲ್ಲಿ ಕೂತ ಕಿವಿಗೆ ಸಿಗದ ವ್ಯತ್ಯಾಸ ಸಿಗುತ್ತದೆ.

4. ಮುಂದಿನ ಆಕ್ಸಲ್: ಎಲ್ಲರೂ ಎಡವುವ ಜಾಗ

ಸಾಮಾನ್ಯವಾಗಿ ಮಾಡುವುದು ಹೀಗೆ: ಲಿವರ್ ಬಿಡಿಸಿ ಓಡಿಸುತ್ತಾರೆ, ಸದ್ದು ನಿಲ್ಲುವುದಿಲ್ಲ, ‘ಹಾಗಾದರೆ ಮುಂದಿನದಲ್ಲ, ಹಿಂದಿನದೇ’ ಎಂದು ತೀರ್ಮಾನಿಸುತ್ತಾರೆ. ಈ ತೀರ್ಮಾನ ತಪ್ಪು. ಲಿವರ್ ಬಿಡಿಸಿದರೂ ಮುಂದಿನ ಚಕ್ರಗಳು ನೆಲದ ಮೇಲೆ ಉರುಳುತ್ತವೆ. ಅವು ಹಬ್ಬಿನ ಗೇರು, ಡಿಫರೆನ್ಷಿಯಲ್, ಪಿನಿಯನ್, ಪ್ರೊಪೆಲ್ಲರ್ ಶಾಫ್ಟ್ ಎಲ್ಲವನ್ನೂ ಚಕ್ರದ ಕಡೆಯಿಂದ ತಿರುಗಿಸುತ್ತಲೇ ಇರುತ್ತವೆ. ಲಿವರ್ ತೆಗೆಯುವುದು ಎಂಜಿನ್ನಿನ ಭಾರವನ್ನು ಮಾತ್ರ. ಆದ್ದರಿಂದ ಲಿವರ್ ಹಾಕಿದಾಗ ಸದ್ದು ಹೆಚ್ಚಿ, ಬಿಡಿಸಿದಾಗ ಕಡಿಮೆಯಾಗಿ, ಪೂರ್ತಿ ನಿಲ್ಲದಿದ್ದರೆ ಮುಂದಿನ ಆಕ್ಸಲ್ಲನ್ನೇ ಮೊದಲು ಅನುಮಾನಿಸಬೇಕು.

ಖಚಿತ ಮಾಡಿಕೊಳ್ಳಲು ಎಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿಕೊಳ್ಳಿ. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಮುಂದೆ ಹಿಂದೆ ದಿಮ್ಮಿ ಕೊಡಿ. ಮುಂದಿನ ಆಕ್ಸಲ್ ಎತ್ತಿ ಎರಡೂ ಕಡೆ ಸ್ಟ್ಯಾಂಡ್ ಇಡಿ. ಬರೀ ಜಾಕಿನ ಮೇಲೆ ನಂಬಿಕೆ ಇಡಬೇಡಿ. ಮುಂದಿನ ಆಕ್ಸಲ್ ನಡುವಿನ ಪಿನ್ನಿನ ಮೇಲೆ ತೂಗಾಡುವುದರಿಂದ ಒಂದೇ ಕಡೆ ಎತ್ತಿದರೆ ಗಾಡಿ ವಾಲುತ್ತದೆ. ಹಾಗೆಯೇ, ಫೋರ್ ವ್ಹೀಲ್ ಹಾಕಿ, ಎರಡೇ ಚಕ್ರ ಎತ್ತಿ, ಎಂಜಿನ್ ಚಾಲೂ ಮಾಡಿ ಗೇರ್ ಹಾಕುವ ಸಾಹಸ ಎಂದಿಗೂ ಬೇಡ. ನೆಲದಲ್ಲಿರುವ ಚಕ್ರಗಳು ಗಾಡಿಯನ್ನು ಸ್ಟ್ಯಾಂಡಿನಿಂದ ಕೆಳಗಿಳಿಸಿ ಮುಂದೆ ಒಯ್ಯುತ್ತವೆ.

ಲಿವರ್ ಬಿಡಿಸಿ ಒಂದು ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಸಾಮಾನ್ಯವಾಗಿ ಇನ್ನೊಂದು ಚಕ್ರ ಎದುರು ದಿಕ್ಕಿಗೆ ತಿರುಗುತ್ತದೆ. ಆಗ ಡಿಫರೆನ್ಷಿಯಲ್ ಒಳಗಿನ ಸಣ್ಣ ಗೇರುಗಳು ಕೆಲಸ ಮಾಡುತ್ತಿರುತ್ತವೆ, ಕ್ರೌನ್ ಸುಮ್ಮನಿರುತ್ತದೆ. ಈಗ ನಿಮ್ಮ ಜೊತೆಗಾರರು ಆ ಇನ್ನೊಂದು ಚಕ್ರವನ್ನು ಗಟ್ಟಿಯಾಗಿ ಹಿಡಿಯಲಿ, ನೀವು ನಿಮ್ಮದನ್ನು ತಿರುಗಿಸಿ. ಈ ಸಲ ಕ್ರೌನ್, ಪಿನಿಯನ್, ಪ್ರೊಪೆಲ್ಲರ್ ಶಾಫ್ಟ್ ಮೂರೂ ತಿರುಗುತ್ತವೆ. ಕರಕರ ಮೊದಲ ಸಲ ಬಂದಿತೇ, ಎರಡನೆಯ ಸಲ ಬಂದಿತೇ ಎಂಬುದರಲ್ಲೇ ಅರ್ಧ ಉತ್ತರವಿದೆ. ಸ್ಕ್ರೂಡ್ರೈವರಿನ ತುದಿಯನ್ನು ಹಬ್ಬಿಗೆ, ಆಮೇಲೆ ನಡುವಿನ ಹೌಸಿಂಗಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಇಟ್ಟು ಕೇಳಿ. ಅಂಗೈಯನ್ನು ಹಬ್ಬಿನ ಮೇಲಿಟ್ಟರೂ ಕೆಟ್ಟ ಬೇರಿಂಗಿನ ಒರಟುತನ ಕೈಗೆ ತಿಳಿಯುತ್ತದೆ. ಎಡ ಬಲ ಎರಡನ್ನೂ ಮುಟ್ಟಿ ಹೋಲಿಸಬೇಕು. ಒಂದನ್ನೇ ಮುಟ್ಟಿ ತೀರ್ಪು ಕೊಡಬಾರದು.

ನಂತರ ಚಕ್ರದ ತಲೆ ಮತ್ತು ಬುಡ ಹಿಡಿದು ಅಲ್ಲಾಡಿಸಿ. ಅಲುಗಿದರೆ ಹಬ್ ಬೇರಿಂಗ್ ಅಥವಾ ಕಿಂಗ್‌ಪಿನ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕೀಲು). ಕೊನೆಯಲ್ಲಿ ಫೋರ್ ವ್ಹೀಲ್ ಲಿವರ್ ಹಾಕಿ, ಗಾಡಿಯನ್ನು ಗೇರಿನಲ್ಲಿ ನಿಲ್ಲಿಸಿ, ಜೊತೆಗಾರರು ಇನ್ನೊಂದು ಚಕ್ರ ಹಿಡಿದಿರುವಾಗ ಚಕ್ರವನ್ನು ಹಿಂದೆ ಮುಂದೆ ಕುಲುಕಿ. ಸ್ವಲ್ಪ ಸಡಿಲ ಇರಲೇಬೇಕು. ಒಂದು ಕಡೆಗಿಂತ ಇನ್ನೊಂದು ಕಡೆ ಎದ್ದು ಕಾಣುವಷ್ಟು ಹೆಚ್ಚಿದ್ದರೆ ಆ ಕಡೆಯ ಹಬ್ಬಿನ ಗೇರು ಸವೆದಿದೆ. ಎರಡೂ ಕಡೆ ಸಮನಾಗಿ ಹೆಚ್ಚಿದ್ದರೆ ನಡುವಿನ ಕ್ರೌನ್ ಕಡೆ ಅಥವಾ ಪ್ರೊಪೆಲ್ಲರ್ ಶಾಫ್ಟಿನ ಜೋಡಣೆಯ ಕಡೆ ನೋಡಿ.

ಯಾವ ಭಾಗವೂ ಕೆಟ್ಟಿಲ್ಲದೆ ಸದ್ದು ಬರುವುದೂ ಉಂಟು. ಅದಕ್ಕೆ ಕಾರಣ ಟೈರು. ಈ ಗಾಡಿಗಳಲ್ಲಿ ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ಮುಂದಿನ ಚಕ್ರ ಹಿಂದಿನದಕ್ಕಿಂತ ತುಸು ಹೆಚ್ಚು ವೇಗದಲ್ಲಿ, ಸಾಮಾನ್ಯವಾಗಿ ಶೇ 1ರಿಂದ 5ರ ಒಳಗೆ, ಎಳೆಯುವಂತೆ ಕಂಪನಿಗಳು ಗೇರ್ ಹೊಂದಿಸಿರುತ್ತವೆ. ಕೆಸರಿನಲ್ಲಿ, ಸಡಿಲ ಮಣ್ಣಿನಲ್ಲಿ ಟೈರು ಜಾರಿ ಈ ವ್ಯತ್ಯಾಸ ಸರಿಹೋಗುತ್ತದೆ. ಡಾಂಬರಿನ ಮೇಲೆ ಜಾರಲು ಜಾಗವಿಲ್ಲ. ಆ ಒತ್ತಡವೆಲ್ಲ ಗೇರುಗಳ ಹಲ್ಲಿನ ಮೇಲೆ ಕೂರುತ್ತದೆ, ಗೊರಗೊರ ಶುರುವಾಗುತ್ತದೆ, ಲಿವರ್ ಬಿಗಿದು ಹೊರಬರುವುದೇ ಇಲ್ಲ. ತುಸು ಹಿಂದಕ್ಕೆ ಓಡಿಸಿದರೆ ಬಿಡುತ್ತದೆ. ಗೊಬ್ಬರದ ಟ್ರೇಲರ್ ಕಟ್ಟಿಕೊಂಡು ಊರಿನಿಂದ ತೋಟದವರೆಗೆ ಲಿವರ್ ಹಾಕಿಕೊಂಡೇ ಹೋಗುವವರು ದಯವಿಟ್ಟು ಇಂದಿನಿಂದಲೇ ನಿಲ್ಲಿಸಿ.

ಮುಂದಿನ ಟೈರು ಸವೆದು ಹಿಂದಿನದು ಹೊಸದಾದರೆ, ಅಥವಾ ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಅಳತೆಯ ಟೈರು ಹಾಕಿದರೆ ಈ ಲೆಕ್ಕ ಕೆಡುತ್ತದೆ. ಪರೀಕ್ಷಿಸುವುದು ಸುಲಭ. ನಾಲ್ಕೂ ಟೈರಿಗೆ ಕೈಪಿಡಿಯಲ್ಲಿರುವಷ್ಟು ಗಾಳಿ ತುಂಬಿ, ಮುಂದಿನ ಒಂದು, ಹಿಂದಿನ ಒಂದು ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ. ಸಡಿಲ ಮಣ್ಣಿನಲ್ಲಿ ನೇರವಾಗಿ ಓಡಿಸಿ, ಹಿಂದಿನ ಚಕ್ರ 10 ಸುತ್ತು ತಿರುಗುವಷ್ಟರಲ್ಲಿ ಮುಂದಿನದು ಎಷ್ಟು ಸುತ್ತಿತು ಎಂದು ಜೊತೆಗಾರರು ದೂರದಿಂದ ಎಣಿಸಲಿ. ಒಮ್ಮೆ ಲಿವರ್ ಬಿಡಿಸಿ, ಒಮ್ಮೆ ಹಾಕಿ. ಬಿಡಿಸಿದಾಗ 16 ಸುತ್ತು, ಹಾಕಿದಾಗ 16.4 ಸುತ್ತು ಬಂದರೆ ಮುಂದಿನ ಚಕ್ರದ ಮುನ್ನಡೆ ಶೇ 2.5, ಚೆನ್ನಾಗಿದೆ. ಹಾಕಿದಾಗಿನ ಲೆಕ್ಕವೇ ಕಡಿಮೆ ಬಂದರೆ ಅಥವಾ ಶೇ 5 ದಾಟಿದರೆ ಟೈರು ಸರಿಪಡಿಸದೆ ಆಕ್ಸಲ್ ಬಿಚ್ಚಿಸುವುದು ವ್ಯರ್ಥ. ಹೊಸ ಬೇರಿಂಗನ್ನೂ ಅದೇ ಒತ್ತಡ ತಿನ್ನುತ್ತದೆ.

5. ಆಯಿಲ್ ಓದುವುದು

ಮುಂದಿನ ಆಕ್ಸಲ್ ಆಯಿಲನ್ನು ಬಿಳಿ ತಟ್ಟೆಗೆ ಇಳಿಸಿ ಆಯಸ್ಕಾಂತ ಆಡಿಸಿ. ಬೂದು ಬಣ್ಣದ ನುಣ್ಣನೆಯ ಕೆಸರು ಅಂಟಿದರೆ ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು, ಉಗುರಿನಂಥ ಸಿಪ್ಪೆ ಸಿಕ್ಕರೆ ಇನ್ನು ಓಡಿಸಬೇಡಿ. ಆಯಸ್ಕಾಂತಕ್ಕೆ ಅಂಟದ ಹಿತ್ತಾಳೆ ಬಣ್ಣದ ಮಿಂಚು ಬುಷ್ ಅಥವಾ ವಾಷರಿನದು. ಹಾಲು ಬೆರೆಸಿದಂತೆ ಕಂಡರೆ ನೀರು ಹೊಕ್ಕಿದೆ. ಗದ್ದೆ ಕೆಸರಿನಲ್ಲಿ ದುಡಿಯುವ ಗಾಡಿಗಳಲ್ಲಿ ಹಬ್ಬಿನ ಸೀಲ್ ಹೋದ ಗುರುತು ಇದು.

ಸದ್ದು ಅಡಗಲಿ ಎಂದು ದಪ್ಪನೆಯ 140 ನಂಬರ್ ಆಯಿಲ್ ಸುರಿಯುವುದು, ‘ಗೇರ್ ಸದ್ದು ಮಾಯ’ ಎನ್ನುವ ಬಾಟಲಿ ಹಾಕುವುದು, ಎರಡೂ ರೋಗ ಮುಚ್ಚಿಡುವ ಕೆಲಸ. ಲೇಬಲ್ ಇಲ್ಲದ ಡ್ರಮ್ಮಿನಿಂದ ಅಳೆದು ಕೊಡುವ ಆಯಿಲನ್ನು ನಾನು ಯಾರಿಗೂ ಹೇಳುವುದಿಲ್ಲ. ಹಿಂದಿನ ಹೌಸಿಂಗಿನಲ್ಲಿ ಗೇರು, ಹೈಡ್ರಾಲಿಕ್, ಆಯಿಲ್‌ನಲ್ಲಿ ಮುಳುಗಿರುವ ಬ್ರೇಕು ಮೂರಕ್ಕೂ ಒಂದೇ ಆಯಿಲ್ ಇರುವ ಗಾಡಿಗಳೇ ಹೆಚ್ಚು. ಅಲ್ಲಿ ಟ್ರ್ಯಾಕ್ಟರಿಗೆಂದೇ ಬರುವ ಯುಟಿಟಿಒ ಆಯಿಲ್ ಬಿಟ್ಟು ಮಾಮೂಲಿ ಗೇರ್ ಆಯಿಲ್ ಹಾಕಿದರೆ ಬ್ರೇಕ್ ಒತ್ತಿದಾಗಲೆಲ್ಲ ಗೊರ್ ಎನ್ನುತ್ತದೆ. ಬ್ರೇಕಿನಲ್ಲಿ ಮಾತ್ರ ಬರುವ ಸದ್ದಿಗೆ ಮೊದಲು ಆಯಿಲ್ ನೋಡಿ.

6. ಗ್ಯಾರೇಜಿಗೆ ಹೋಗುವಾಗ

ಕಂಡದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಯಾವ ಗೇರು, ಎಳೆಯುವಾಗಲೋ ಇಳಿಯುವಾಗಲೋ, ಲಿವರ್ ಹಾಕಿದರೆ ಏನು, ಬಿಡಿಸಿದರೆ ಏನು, ಆಯಿಲ್‌ನಲ್ಲಿ ಸಿಕ್ಕಿದ್ದೇನು. ಒಳ್ಳೆಯ ಮೆಕ್ಯಾನಿಕ್ ಈ ಹಾಳೆ ನೋಡಿ ಖುಷಿಪಡುತ್ತಾರೆ. ಬೇಡವೆಂದು ಪಕ್ಕಕ್ಕಿಡುವವರ ಬಳಿ ಗಾಡಿ ಬಿಡಬೇಡಿ.

ಕ್ರೌನ್-ಪಿನಿಯನ್ ಬದಲಿಸುವುದಾದರೆ ಜೋಡಿಯಾಗಿಯೇ ಬದಲಿಸಬೇಕು. ಹಳೆ ಕ್ರೌನಿಗೆ ಹೊಸ ಪಿನಿಯನ್ ಕೂರಿಸಿದರೆ ಸದ್ದು ಇನ್ನಷ್ಟು ಹೆಚ್ಚುತ್ತದೆ. ಬಿಚ್ಚುವಾಗ ಸಿಗುವ ತೆಳು ಶಿಮ್ಮುಗಳನ್ನು (ಅಂತರ ಹೊಂದಿಸುವ ಬಿಲ್ಲೆಗಳನ್ನು) ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಗುರುತು ಮಾಡಿ ಇಡಲು ಹೇಳಿ. ಮುಚ್ಚುವ ಮೊದಲು ಹಲ್ಲಿಗೆ ಬ್ಲೂ ಎಂಬ ಗುರುತಿನ ಬಣ್ಣ ಹಚ್ಚಿ ತಿರುಗಿಸಿ ತೋರಿಸಲು ಕೇಳಿ. ಬಣ್ಣದ ಗುರುತು ಹಲ್ಲಿನ ನಡುಮೈಯಲ್ಲಿ ಬೀಳಬೇಕು, ತುದಿಗೋ ಬುಡಕ್ಕೋ ಸರಿದಿದ್ದರೆ ಶಿಮ್ ಮತ್ತೆ ಹೊಂದಿಸಬೇಕು. ಇದಕ್ಕೆ ಅರ್ಧ ದಿನ ಹೆಚ್ಚು ಹಿಡಿದರೂ ಕಾಯಿರಿ. ಹಣ ಕೊಡುವ ಮೊದಲು ಅದೇ ಗೇರು, ಅದೇ ಏರು, ಅದೇ ಜಾಗಕ್ಕೆ ಮೊಬೈಲ್ ಕಟ್ಟಿ ಇನ್ನೊಮ್ಮೆ ರೆಕಾರ್ಡ್ ಮಾಡಿ ಹಳೆಯದರ ಜೊತೆ ಕೇಳಿ. ಹೊಸ ಗೇರು ಹಾಕಿದ್ದರೆ ಮೊದಲ ಆಯಿಲನ್ನು 50 ಗಂಟೆ ಕೆಲಸದ ಹೊತ್ತಿಗೆ ಇಳಿಸಿ, ಮತ್ತೆ ಆಯಸ್ಕಾಂತ ಆಡಿಸಿ ನೋಡಿ.