ಸಾಕ್ಷಿ ಸಮನ್ಸ್ ಬಂದಿದೆಯೇ? ಹೀಗೆ ಮಾಡಿ

ಪೊಲೀಸರು ಸಮನ್ಸ್ ತಂದಾಗ ಹಿತ್ತಲ ಬಾಗಿಲಿಂದ ಜಾರಿಕೊಳ್ಳುವವರಿದ್ದಾರೆ. ಅದರಿಂದ ಪ್ರಯೋಜನವಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ (ಕ್ರಿಮಿನಲ್ ಕೇಸು ನಡೆಸುವ ಕ್ರಮದ ಕಾನೂನು), ನೀವು ಸಿಗದಿದ್ದರೆ ಜೊತೆಗಿರುವ ಕುಟುಂಬದ ಯಾವುದೇ ವಯಸ್ಕರ ಕೈಗೆ ಸಮನ್ಸ್ ಕೊಡಬಹುದು. ಸಹಿ ಹಾಕಿ, ಪ್ರತಿ ಇಟ್ಟುಕೊಳ್ಳಿ.

ಕೋರ್ಟಿನ ಹೆಸರು, ತಾರೀಕು, ಕೇಸ್ ನಂಬರ್ ನೋಡಿ. ಸಿ.ಸಿ. ಎಂದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟ್, ಎಸ್.ಸಿ. ಎಂದರೆ ಸೆಷನ್ಸ್. ವಾಟ್ಸ್ಆ್ಯಪ್‌ನಲ್ಲಿ ಬಂದಿದ್ದರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಆ ನಂಬರ್ ಹುಡುಕಿ. ಹಣ ಕೇಳಿದರೆ ಅದು ಮೋಸವೇ.

ಆ ದಿನ ಹೋಗಲಾಗದಿದ್ದರೆ ಮುಂಚೆಯೇ ಸರ್ಕಾರಿ ಅಭಿಯೋಜಕರ (ಸರ್ಕಾರದ ಪರ ಕೇಸು ನಡೆಸುವ ವಕೀಲರ) ಮೂಲಕ ದಾಖಲೆ ಸಮೇತ ತಿಳಿಸಿ. ದುಡ್ಡು ಕೊಟ್ಟು ತರುವ ವೈದ್ಯಕೀಯ ಸರ್ಟಿಫಿಕೇಟ್ ಬೇಡವೇ ಬೇಡ. ಸುಮ್ಮನೆ ಗೈರಾದರೆ 500 ರೂಪಾಯಿವರೆಗೆ ದಂಡ ಬೀಳಬಹುದು, ವಾರಂಟೂ ಹೊರಡಬಹುದು.

ಹೋದ ದಿನ ಗುರುತಿನ ಚೀಟಿ ಜೊತೆಗಿರಲಿ. ಬೆಂಚ್ ಕ್ಲರ್ಕ್‌ಗೆ ಬಂದಿರುವುದನ್ನು ಹೇಳಿ, ಹೆಸರು ಕೂಗುವವರೆಗೆ ಅಲ್ಲೇ ಇರಿ.

ಜನ ಎಡವುವುದು ಪಾಟಿ ಸವಾಲಿನಲ್ಲಿ, ಅಂದರೆ ಎದುರು ಪಕ್ಷದ ವಕೀಲರು ಪ್ರಶ್ನಿಸುವಾಗ. ವಕೀಲರ ಪ್ರಶ್ನೆಗಳು ಹೆಚ್ಚಾಗಿ "ಎಂದರೆ ಸರಿಯೇ?" ಎಂದು ಮುಗಿಯುತ್ತವೆ. "ರಾತ್ರಿ ಕತ್ತಲಿತ್ತು, ನಿಮಗೆ ಮುಖ ಕಾಣಲಿಲ್ಲ ಎಂದರೆ ಸರಿಯೇ?" ಇಲ್ಲಿರುವುದು ಎರಡು ಪ್ರಶ್ನೆ. ಕತ್ತಲಿದ್ದದ್ದು ನಿಜವೆಂದು "ಸರಿ" ಅಂದರೆ ಮುಖ ಕಾಣಲಿಲ್ಲ ಎಂಬುದೂ ನಿಮ್ಮ ಬಾಯಿಂದಲೇ ದಾಖಲಾಗುತ್ತದೆ. ಬಿಡಿಸಿ ಹೇಳಿ: "ಕತ್ತಲಿತ್ತು. ಆದರೆ ಬೀದಿ ದೀಪದ ಬೆಳಕಿನಲ್ಲಿ ಮುಖ ಕಂಡಿತು." ನಿಜವಾಗಿ ಕಂಡಿದ್ದರೆ ಮಾತ್ರ. ಪ್ರಶ್ನೆ ಅರ್ಥವಾಗದಿದ್ದರೆ "ಇನ್ನೊಮ್ಮೆ ಕೇಳಿ" ಎನ್ನಿ. ನ್ಯಾಯಾಧೀಶರು ಅದಕ್ಕೆ ಬೇಸರಿಸುವುದಿಲ್ಲ. "ಗೊತ್ತಿಲ್ಲ" ಬೇರೆ, "ನೆನಪಿಲ್ಲ" ಬೇರೆ. ಯಾವುದು ನಿಜವೋ ಅದನ್ನೇ ಹೇಳಿ. ಗಂಟೆ, ದೂರ, ಅಡಿ ಲೆಕ್ಕ ಕೇಳಿದಾಗ ಊಹಿಸಿ ಅಂಕಿ ಕೊಡಬೇಡಿ, ಅಂದಾಜಾದರೆ ಅಂದಾಜು ಎನ್ನಿ. ವಕೀಲರು ದನಿ ಏರಿಸಿದರೂ ನೀವು ನ್ಯಾಯಾಧೀಶರ ಕಡೆ ನೋಡಿ ನಿಧಾನವಾಗಿ ಉತ್ತರಿಸಿ. ಹಿಂದಿನ ದಿನ ಯಾರೋ ಬರೆದುಕೊಟ್ಟ ಹೇಳಿಕೆಯನ್ನು ಬಾಯಿಪಾಠ ಮಾಡುವುದಂತೂ ಅತ್ಯಂತ ಕೆಟ್ಟ ದಾರಿ. ಮೊದಲ ಅಡ್ಡ ಪ್ರಶ್ನೆಗೇ ಅದು ಕಳಚಿಬೀಳುತ್ತದೆ.

ಮುಗಿದ ಮೇಲೆ ನಿಮ್ಮ ಸಾಕ್ಷ್ಯವನ್ನು ಓದಿ ಹೇಳುತ್ತಾರೆ. ತಪ್ಪಿದ್ದರೆ ಸಹಿಗೆ ಮೊದಲೇ ತಿಳಿಸಿ. ಬತ್ತಾ (ಸಾಕ್ಷಿಗೆ ಕೊಡುವ ಖರ್ಚಿನ ಹಣ) ಕೇಳಲು ಸಂಕೋಚ ಬೇಡ. ಕೆಲಸದ ಕಡೆ ತೋರಿಸಲು ಹಾಜರಾತಿ ಪತ್ರವನ್ನೂ ಕೇಳಿ ಪಡೆಯಿರಿ.